ಕಾಡಿಗೂ ರೇಂಜಿಗೂ ಒಂದೇ ಸ್ಕೋಪ್: 3-15×44 ಜೊತೆ ಎರಡು ಸೀಸನ್

ನನ್ನ ಹತ್ತಿರ ಇರುವುದು ಒಂದೇ ರೈಫಲ್, .308 ವಿಂಚೆಸ್ಟರ್ ಬೋಲ್ಟ್ ಆಕ್ಷನ್. ವಾರದ ಕೊನೆಗೆ ರೇಂಜಿನಲ್ಲಿ 300 ಮೀಟರ್ ದೂರದ ಕಾಗದಕ್ಕೆ ಹೊಡೆಯುವುದು ಅದರಲ್ಲೇ. ಸೀಸನ್ ತೆರೆದಾಗ ಪರ್ಮಿಟ್ ಪಡೆದು ಕಾಡಿಗೆ ಹೊತ್ತುಕೊಂಡು ಹೋಗುವುದೂ ಅದನ್ನೇ. ಎರಡಕ್ಕೂ ಒಗ್ಗುವ ಒಂದು ಸ್ಕೋಪ್ ಹುಡುಕಲು ನನಗೆ ಆರು ವರ್ಷ ಹಿಡಿಯಿತು. ಈಗ ಮೇಲೆ ಕೂತಿರುವುದು ಮೂರನೆಯದು: 3-15×44 (ಗುರಿಯನ್ನು 3ರಿಂದ 15 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಲೆನ್ಸ್ 44 ಮಿಲಿಮೀಟರ್), 30 ಮಿಲಿಮೀಟರ್ ಟ್ಯೂಬ್, ಫಸ್ಟ್ ಫೋಕಲ್ ಪ್ಲೇನ್ (ಇದರ ವಿವರ ಮುಂದೆ ಬರುತ್ತದೆ), ಮಿಲ್ ಗುರುತುಗಳಿರುವ ರೆಟಿಕಲ್ (ರೆಟಿಕಲ್ ಅಂದರೆ ಒಳಗೆ ಕಾಣುವ ಗುರಿಗೆರೆ, 1 ಮಿಲ್ ಅಂದರೆ 100 ಮೀಟರಿಗೆ 10 ಸೆಂಟಿಮೀಟರ್), ನಡುವೆ ಬೆಳಗುವ ಚುಕ್ಕೆ. ಇದೇ ಅಳತೆಯದ್ದನ್ನು ಹಲವು ಕಂಪನಿಗಳು ಮಾಡುತ್ತವೆ. ಹಾಗಾಗಿ ಬ್ರ್ಯಾಂಡ್ ಹೆಸರು ಬಿಟ್ಟು ಈ ಅಳತೆಯ ಬಗ್ಗೆಯೇ ಬರೆಯುತ್ತೇನೆ. ಕೊಳ್ಳುವವರು ಎಡವುವುದು ಹೆಚ್ಚಾಗಿ ಅಲ್ಲಿಯೇ.

ಮೊದಲನೆಯದು ಸೋದರಮಾವ ಕೊಟ್ಟ ಹಳೆಯ 3-9×40. ಹೊರಗೆ ದಪ್ಪ, ನಡುವಿಗೆ ಬಂದಂತೆ ತೆಳುವಾಗುವ ಡ್ಯೂಪ್ಲೆಕ್ಸ್ ಗೆರೆ. ಅಮೆರಿಕದ ಲ್ಯುಪೋಲ್ಡ್ ಕಂಪನಿ 1962ರಲ್ಲಿ ತಂದ ಆ ವಿನ್ಯಾಸ ಇವತ್ತಿಗೂ ಬೇಟೆಯ ಸ್ಕೋಪುಗಳಲ್ಲಿ ಉಳಿದಿರುವುದಕ್ಕೆ ಕಾರಣವಿದೆ: ಬೆಳಕು ಇಳಿದ ಮೇಲೂ ಆ ದಪ್ಪ ಗೆರೆಗಳು ಕಣ್ಣನ್ನು ತಾವಾಗಿಯೇ ನಡುವಿಗೆ ಎಳೆದು ತರುತ್ತವೆ. ಕಾಡಿನಲ್ಲಿ ಅದರ ಮೇಲೆ ನನಗೆ ಒಂದು ದೂರೂ ಇರಲಿಲ್ಲ. ತೊಂದರೆ ಶುರುವಾದದ್ದು ರೇಂಜಿನಲ್ಲಿ. 100 ಮೀಟರಿಗೆ ಜೀರೋ ಮಾಡಿದ, ಅಂದರೆ ಆ ದೂರದಲ್ಲಿ ಹಿಡಿದ ಜಾಗಕ್ಕೇ ಬೀಳುವಂತೆ ಹೊಂದಿಸಿದ ನನ್ನ .308ರ ಗುಂಡು 300 ಮೀಟರಿಗೆ ಹೋಗುವಷ್ಟರಲ್ಲಿ ಒಂದೂವರೆ ಮಿಲ್ ಆಸುಪಾಸು, ಅಂದರೆ ಸುಮಾರು 45 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಡ್ಯೂಪ್ಲೆಕ್ಸ್‌ನಲ್ಲಿ ಅಷ್ಟನ್ನು ಮೇಲೆ ಹಿಡಿಯುವುದು ಬರೀ ಅಂದಾಜು. ಗುರಿಯನ್ನು ಮೇಲೆ ಕೆಳಗೆ ಸರಿಸುವ ಟರೆಟ್ ಎಂಬ ತಿರುಗಣೆಯನ್ನು ತಿರುಗಿಸೋಣವೆಂದರೆ ಅದು ಕ್ಯಾಪಿನ ಒಳಗೆ, ನಾಣ್ಯದಲ್ಲಿ ತಿರುಗಿಸಬೇಕಾದ ಸ್ಕ್ರೂ.

ಪ್ಯಾರಲಾಕ್ಸ್ ಇನ್ನೊಂದು ತಲೆನೋವು. ಸರಳ ಬೇಟೆಯ ಸ್ಕೋಪುಗಳಲ್ಲಿ ಅದನ್ನು ಕಾರ್ಖಾನೆಯಲ್ಲೇ ಒಂದು ದೂರಕ್ಕೆ, ಸಾಮಾನ್ಯವಾಗಿ ನೂರು ಗಜ ಅಥವಾ ನೂರು ಮೀಟರಿಗೆ, ಕೂರಿಸಿ ಕಳಿಸುತ್ತಾರೆ. ಅಲ್ಲಿಂದ ದೂರ ಹೋದಂತೆ, ತಲೆ ಸ್ವಲ್ಪ ಅಲುಗಿದರೂ ಗೆರೆ ಗುರಿಯ ಮೇಲೆ ಜಾರುತ್ತದೆ. ಎಷ್ಟು ಜಾರುತ್ತದೆ ಎಂದು ಲೆಕ್ಕ ಹಾಕಬಹುದು. ಮುಂದಿನ ಲೆನ್ಸಿನ ಅರ್ಧ ಅಗಲ 20 ಮಿ.ಮೀ. ಗುರಿ 300 ಮೀಟರ್, ಕೂರಿಸಿದ ದೂರ 100. ವ್ಯತ್ಯಾಸ 200 ಮೀಟರ್, ಅದು 100ರ ಎರಡು ಪಟ್ಟು. ಹಾಗಾಗಿ ಕಣ್ಣು ಪೂರ್ತಿ ಅಂಚಿಗೆ ಸರಿದಾಗ ತಪ್ಪು 40 ಮಿ.ಮೀ. ಕಾಡಿನಲ್ಲಿ ಹೊಡೆಯುವ ದೂರಕ್ಕೆ ಇದು ಲೆಕ್ಕಕ್ಕೇ ಇಲ್ಲ. ಕಾಗದದ ಮೇಲೆ ಐದು ಗುಂಡಿನ ಗುಂಪನ್ನು ನೋಡುವವನಿಗೆ ನಾಲ್ಕು ಸೆಂಟಿಮೀಟರ್ ಅಂದರೆ ಇಡೀ ದಿನದ ಶ್ರಮ ಹಾಳು. ರೇಂಜಿಗೂ ಬಳಸುವುದಾದರೆ ಪಕ್ಕದಲ್ಲಿ ಪ್ಯಾರಲಾಕ್ಸ್ ನಾಬ್ ಇರಲೇಬೇಕು ಎನ್ನುವುದು ಅಲ್ಲಿಂದ ನನ್ನ ಮೊದಲ ಷರತ್ತು.

ಆಮೇಲೆ ನಾನು ಮಾಡಿದ್ದು ರೇಂಜಿನ ಬೆಂಚಿನ ಮೇಲೆ ಕೂತು ಸ್ಕೋಪ್ ಆಯ್ದ ತಪ್ಪು. ಅಕ್ಕಪಕ್ಕದವರ 5-25×56ಗಳಲ್ಲಿ ಕಣ್ಣಿಟ್ಟು ನೋಡಿ, 300 ಮೀಟರಿನಲ್ಲಿ ಗುಂಡಿನ ತೂತು ಕಾಣುವ ಆಸೆಗೆ ಬಿದ್ದು ನಾನೂ ಅದೇ ಅಳತೆಯದ್ದನ್ನು ತಂದೆ. ಒಂದು ಕಿಲೋ ತೂಕ. ಬೆಂಚಿನ ಮೇಲೆ ಅದರಂಥ ಸುಖ ಇನ್ನೊಂದಿಲ್ಲ, ಅದು ನಿಜ.

ಆ ವರ್ಷದ ಸೀಸನ್ನಿನ ಎರಡನೇ ಬೆಳಗ್ಗೆ ನಾನು, ಮಾವ ಇಬ್ಬರೂ ಒಂದು ತೊರೆಯ ಮೇಲ್ದಂಡೆಯಲ್ಲಿ ಕೂತಿದ್ದೆವು. ಹೆಚ್ಚೆಂದರೆ 40 ಮೀಟರ್ ದೂರದ ಪೊದೆಯಿಂದ ಜಿಂಕೆಯೊಂದು ಸದ್ದಿಲ್ಲದೆ ಹೊರಬಂತು. ರೈಫಲ್ ಎತ್ತಿದೆ, ಕಂದು ಬಣ್ಣದ ಕೂದಲು ಬಿಟ್ಟು ಏನೂ ಕಾಣಲಿಲ್ಲ. ಹೆಗಲೋ ತೊಡೆಯೋ ತಿಳಿಯಲಿಲ್ಲ. ಎಡಕ್ಕೆ ಸರಿಸಿದೆ, ಎಲೆ. ಬಲಕ್ಕೆ ಸರಿಸಿದೆ, ಮತ್ತೆ ಕೂದಲು. ಏನೆಂದು ಗೊತ್ತಾಗದ ಮೇಲೆ ಬೆರಳನ್ನು ಟ್ರಿಗರಿನಿಂದ ದೂರವೇ ಇಟ್ಟೆ. ಅದು ನೀರು ದಾಟಿ ಹೋಯಿತು.

"ಎಷ್ಟರಲ್ಲಿ ಇಟ್ಟಿದ್ದೆಯಪ್ಪಾ?" ಎಂದರು ಮಾವ, ಮೆಲ್ಲಗೆ.

"ಹನ್ನೆರಡರಲ್ಲಿ ಮಾವ. ರೇಂಜಿನಿಂದ ಬಂದವನು ಇಳಿಸಲೇ ಇಲ್ಲ."

"ಐದಕ್ಕೆ ಇಳಿಸಿದ್ದರೂ ಇಲ್ಲಿಗೆ ಜಾಸ್ತಿಯೇ ಆಗ್ತಿತ್ತು ಬಿಡು."

ಅವರು ಹೇಳಿದ್ದನ್ನು ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ಆ ಸ್ಕೋಪಿನಲ್ಲಿ 5ರಲ್ಲಿ ಇಟ್ಟಾಗ 100 ಮೀಟರಿಗೆ ಐದು ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲ ಕಾಣುತ್ತದೆ. 40 ಮೀಟರಿಗೆ ಅದು ಎರಡು ಮೀಟರ್. ನಾನಿಟ್ಟಿದ್ದ 12ರಲ್ಲಿ ಒಂದು ಮೀಟರ್ ಆಸುಪಾಸು, ಅಂದರೆ ಪ್ರಾಣಿಯ ಉದ್ದಕ್ಕಿಂತ ಕಡಿಮೆ. 3ರಿಂದ ಶುರುವಾಗುವ ಸ್ಕೋಪಿನಲ್ಲಿ ಅದೇ ಜಾಗದಲ್ಲಿ ಸುಮಾರು ಐದು ಮೀಟರ್ ಕಾಣುತ್ತದೆ: ಪ್ರಾಣಿ, ಅದರ ಹಿಂದೆ ಏನಿದೆ, ಪಕ್ಕದಲ್ಲಿ ಮರಿ ಇದೆಯೋ, ಎಲ್ಲವೂ. ಎರಡೂ ಕೆಲಸಕ್ಕೆ ಸ್ಕೋಪ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಹೆಸರಿನಲ್ಲಿರುವ ಚಿಕ್ಕ ಅಂಕಿ. ದೊಡ್ಡ ಅಂಕಿ ಕಡಿಮೆಯಾದರೆ ರೇಂಜಿನಲ್ಲಿ ಒಂದೆರಡು ಪಾಯಿಂಟ್ ಹೋಗಬಹುದು. ಚಿಕ್ಕ ಅಂಕಿ ದೊಡ್ಡದಾಗಿದ್ದರೆ ಕಾಡಿನಲ್ಲಿ ಎದುರಿಗಿರುವ ಜೀವವೇ ಕಾಣದು. 3 ಸರಿ, 2.5 ಇನ್ನೂ ಒಳ್ಳೆಯದು, 4 ನನ್ನ ಮಟ್ಟಿಗೆ ಕೊನೆ.

ಈಗಿನ 3-15×44 ಆಯ್ದದ್ದು ಹೀಗೆ. 15 ಸಾಕಾಗುತ್ತದಾ ಎಂದು ಬಹಳ ಜನ ಕೇಳಿದ್ದಾರೆ. 300 ಮೀಟರಿಗೆ ಗುಂಪು ಹೊಡೆಯಲು ಧಾರಾಳವಾಗಿ ಸಾಕು. ಬಿಳಿ ಕಾಗದದ ಮೇಲಿನ .308 ತೂತು 200 ಮೀಟರಿನವರೆಗೆ ನನಗೆ ಚೆನ್ನಾಗಿ ಕಾಣುತ್ತದೆ, ಅದಕ್ಕೂ ಆಚೆಗೆ ತೂತು ನೋಡಲೆಂದೇ ಇಟ್ಟುಕೊಂಡ ಸ್ಪಾಟಿಂಗ್ ಸ್ಕೋಪ್ ಎಂಬ ದೂರದರ್ಶಕ ಪಕ್ಕದಲ್ಲಿರುತ್ತದೆ. ಬಿಸಿಲು ಏರಿದ ಮೇಲೆ ನೆಲದ ಕಾವಿಗೆ ಚಿತ್ರ ಕುದಿಯಲು ಶುರುವಾದಾಗ 25ರವರೂ ಇಳಿಸಿಕೊಂಡು 14-15ಕ್ಕೇ ಬರುವುದನ್ನು ನೋಡಿದ್ದೇನೆ.

ರೆಟಿಕಲ್ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಸೆಕೆಂಡ್ ಫೋಕಲ್ ಪ್ಲೇನಿನಲ್ಲಿ ಗೆರೆಯ ಗಾತ್ರ ಕಣ್ಣಿಗೆ ಯಾವಾಗಲೂ ಒಂದೇ, ಆದರೆ ಅದರ ಗುರುತುಗಳ ಅಳತೆ ಒಂದು ಮ್ಯಾಗ್ನಿಫಿಕೇಶನ್‌ನಲ್ಲಿ ಮಾತ್ರ ಸರಿ, ಹೆಚ್ಚಿನವುಗಳಲ್ಲಿ ಗರಿಷ್ಠದಲ್ಲಿ. 15ರಲ್ಲಿ 1 ಮಿಲ್ ಇದ್ದ ಗುರುತು 7.5ರಲ್ಲಿ 2 ಮಿಲ್ ಆಗುತ್ತದೆ. ಅವಸರದಲ್ಲಿ ಇದು ನೆನಪಿರುವುದಿಲ್ಲ. ಫಸ್ಟ್ ಫೋಕಲ್ ಪ್ಲೇನಿನಲ್ಲಿ ಗೆರೆ ಚಿತ್ರದ ಜೊತೆಗೇ ಹಿಗ್ಗಿ ಕುಗ್ಗುವುದರಿಂದ 1 ಮಿಲ್ ಎಲ್ಲಿದ್ದರೂ 1 ಮಿಲ್. ರೇಂಜಿಗೆ ಇದು ವರ. ಆದರೆ 3ಕ್ಕೆ ಇಳಿಸಿದಾಗ ಅದೇ ಗೆರೆ ಕೂದಲಿನಷ್ಟು ತೆಳುವಾಗುತ್ತದೆ. ಮುಸ್ಸಂಜೆಯ ಪೊದೆಯ ಹಿನ್ನೆಲೆಯಲ್ಲಿ ಪೂರ್ತಿ ಮಾಯವಾಗುವ ರೆಟಿಕಲ್‌ಗಳನ್ನೂ ನಾನು ನೋಡಿದ್ದೇನೆ. ನನ್ನದನ್ನು ಆರಿಸಿದ್ದು ಎರಡು ಕಾರಣಕ್ಕೆ: ಹೊರ ಅಂಚಿನಲ್ಲಿ ಮೂರು ದಪ್ಪ ಕಂಬಗಳಿವೆ, 3ರಲ್ಲಿ ಅವೇ ಹಳೆಯ ಡ್ಯೂಪ್ಲೆಕ್ಸ್‌ನಂತೆ ಕೆಲಸ ಮಾಡುತ್ತವೆ. ನಡುವಿನ ಚುಕ್ಕೆ ಬೆಳಗುತ್ತದೆ. ಚುಕ್ಕೆಯ ಅತಿ ಕಡಿಮೆ ಬೆಳಕನ್ನು ಕತ್ತಲಿನಲ್ಲಿ ನೋಡಿಯೇ ತೆಗೆದುಕೊಳ್ಳಿ. ಅದು ಕಣ್ಣು ಕುಕ್ಕುವಂತಿದ್ದರೆ ಸಂಜೆಯ ಪಾಪೆ ಕಿರಿದಾಗಿ ಇರುವ ಬೆಳಕೂ ಕೈಬಿಡುತ್ತದೆ. ನನ್ನದರಲ್ಲಿ ಕಡಿಮೆ ಬೆಳಕು ಹದವಾಗಿದೆ. ಹೆಚ್ಚಿನ ಬೆಳಕು ಮಾತ್ರ ಮಧ್ಯಾಹ್ನದ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಅದೊಂದು ಕೊರತೆ.

ಬೆಳಕಿನ ಬಗ್ಗೆ ಅಂಗಡಿಯಲ್ಲಿ ಹೇಳುವ ಮಾತುಗಳನ್ನು ಬದಿಗಿಟ್ಟು ಒಂದು ಭಾಗಾಕಾರ ಮಾಡಿ. ಮುಂದಿನ ಲೆನ್ಸಿನ ಅಗಲವನ್ನು ಮ್ಯಾಗ್ನಿಫಿಕೇಶನ್‌ನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 44ನ್ನು 15ರಿಂದ ಭಾಗಿಸಿದರೆ 2.9 ಮಿ.ಮೀ., 6ರಿಂದ ಭಾಗಿಸಿದರೆ 7.3. ಎಳೆಯ ವಯಸ್ಸಿನ ಪಾಪೆ ಕತ್ತಲಲ್ಲಿ 7 ಮಿ.ಮೀ. ತನಕ ತೆರೆಯುತ್ತದೆ, ವಯಸ್ಸಾದಂತೆ 5ರ ಹತ್ತಿರಕ್ಕೆ ಇಳಿಯುತ್ತದೆ. ಐವತ್ತು ದಾಟಿದ ನನ್ನ ಕಣ್ಣಿಗೆ ಸಂಜೆ 8ಕ್ಕಿಂತ ಮೇಲೆ ಏರಿಸಿದರೆ ಚಿತ್ರ ದೊಡ್ಡದಾಗುತ್ತದೆ, ಜೊತೆಗೇ ಮಂಕಾಗುತ್ತದೆ. 56ರ ಲೆನ್ಸ್ ಇದ್ದರೆ 11ರ ತನಕ ಹೋಗಬಹುದಿತ್ತು ಅಷ್ಟೇ. ಅದಕ್ಕೆ ಬದಲಾಗಿ ಸ್ಕೋಪ್ ಬ್ಯಾರಲ್ಲಿನಿಂದ ಇನ್ನಷ್ಟು ಮೇಲೆ ಕೂರಬೇಕು, ಕೆನ್ನೆ ಸ್ಟಾಕ್ ಬಿಟ್ಟು ಮೇಲೇಳಬೇಕು. ಬೇಡ.

ಕೋಟಿಂಗ್ ಮಾತ್ರ ನಿಜವಾಗಿ ದುಡ್ಡು ಹಾಕಬೇಕಾದ ಜಾಗ. ಬರಿಯ ಗಾಜಿನ ಪ್ರತಿ ಮೇಲ್ಮೈ ಸುಮಾರು 4 ಶೇಕಡಾ ಬೆಳಕನ್ನು ವಾಪಸು ಕಳಿಸುತ್ತದೆ. ಅಂಥ ಹತ್ತು ಮೇಲ್ಮೈ ದಾಟುವಷ್ಟರಲ್ಲಿ ಉಳಿಯುವುದು ಮೂರರಲ್ಲಿ ಎರಡು ಪಾಲು. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿನ ಮೇಲೆ ತೆಳು ಪದರ ಹಚ್ಚಿ ಈ ನಷ್ಟ ತಗ್ಗಿಸುವ ದಾರಿ ಕಂಡುಹಿಡಿದರು. ಕಾಡಿನಲ್ಲಿ ಸಂಜೆಯ ಕೊನೆಯ ಕೆಲವು ನಿಮಿಷ ನಮಗೆ ಸಿಗುವುದು ಇದರಿಂದಲೇ. ಪರೀಕ್ಷಿಸುವಾಗ ಅಂಗಡಿಯ ದೀಪದಡಿಯ ಬೋರ್ಡ್ ಓದಬೇಡಿ. ಹೊತ್ತು ಮುಳುಗುವ ಹೊತ್ತಿಗೆ ಹೊರಗೆ ಬಂದು, ಮರದ ಬುಡದ ನೆರಳಿನೊಳಗೆ ಕೊಂಬೆಗಳು ಬೇರೆ ಬೇರೆಯಾಗಿ ಕಾಣುತ್ತವೆಯೇ ನೋಡಿ. ಎರಡು ಸ್ಕೋಪನ್ನು ಹೋಲಿಸುವಾಗ ಎರಡೂ ಒಂದೇ ಮ್ಯಾಗ್ನಿಫಿಕೇಶನ್‌ನಲ್ಲಿರಲಿ.

ಇನ್ನು ಟರೆಟ್. ಅದನ್ನು ತಿರುಗಿಸುವಾಗಿನ ಒಂದೊಂದು ಹೆಜ್ಜೆಯೇ ಒಂದು ಕ್ಲಿಕ್. 0.1 ಮಿಲ್ ಕ್ಲಿಕ್ ಎಂದರೆ 100 ಮೀಟರಿಗೆ 1 ಸೆಂಟಿಮೀಟರ್. ಎಂಒಎ (ಮಿನಿಟ್ ಆಫ್ ಆ್ಯಂಗಲ್) ಕೋನದ ಇನ್ನೊಂದು ಅಳತೆ, ಅದರ ಕಾಲು ಭಾಗದ ಕ್ಲಿಕ್ 7.3 ಮಿಲಿಮೀಟರ್, ಸ್ವಲ್ಪ ನಯ. ನನ್ನ ರೇಂಜ್ ಮೀಟರಿನಲ್ಲಿರುವುದರಿಂದ ಮಿಲ್ ಬಾಯಿಲೆಕ್ಕಕ್ಕೆ ಸುಲಭ. ನೀವು ಯಾವುದನ್ನೇ ಆರಿಸಿ, ರೆಟಿಕಲ್ ಮತ್ತು ಟರೆಟ್ ಎರಡೂ ಒಂದೇ ಅಳತೆಯಲ್ಲಿರಬೇಕು. ಹಿಂದಿನ ಸ್ಕೋಪಿನ ಟರೆಟ್‌ಗೆ ಕ್ಯಾಪ್ ಇರಲಿಲ್ಲ, ಲಾಕ್ ಕೂಡ ಇರಲಿಲ್ಲ. ಒಂದು ಬೆಳಗ್ಗೆ ಚೀಲದಿಂದ ತೆಗೆದಾಗ ಆರು ಕ್ಲಿಕ್ ತಿರುಗಿತ್ತು. 150 ಮೀಟರಿಗೆ ಅದು 9 ಸೆಂಟಿಮೀಟರ್, ಒಂದು ಪ್ರಾಣಿಯನ್ನು ಗಾಯಗೊಳಿಸಿ ಕಳೆದುಕೊಳ್ಳಲು ಸಾಕಾಗುವಷ್ಟು. ಹೊರಡುವ ಮುಂಚೆ ಕಣ್ಣಿಗೆ ಬಿದ್ದದ್ದು ನನ್ನ ಪುಣ್ಯ. ಈಗಿನದರಲ್ಲಿ ಎತ್ತರ ಹೊಂದಿಸುವ ಟರೆಟ್ ಮೇಲಕ್ಕೆಳೆದರೆ ಮಾತ್ರ ತಿರುಗುತ್ತದೆ, ವಾಪಸು ತಿರುಗಿಸುವಾಗ ಸೊನ್ನೆಯ ಹತ್ತಿರ ತಡೆಯುವ ಜೀರೋ ಸ್ಟಾಪ್ ಇದೆ. ಗಾಳಿಗೆ ತಕ್ಕಂತೆ ಪಕ್ಕಕ್ಕೆ ಸರಿಸುವ ಟರೆಟ್‌ಗೆ ಕ್ಯಾಪ್ ಇದೆ. ಕಾಡಿಗೂ ಹೋಗುವ ಸ್ಕೋಪಿಗೆ ಈ ಮೂರೂ ಬೇಕು, ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಕ್ಲಿಕ್ ಹೇಳಿದಷ್ಟೇ ಸರಿಯುತ್ತದೆಯೇ ಎಂಬುದನ್ನು ಡಬ್ಬಿಯ ಮೇಲೆ ನೋಡಿ ನಂಬಬೇಡಿ. ಉದ್ದದ ಹಲಗೆಗೆ ಕಾಗದ ಅಂಟಿಸಿ, ತೂಗುಗುಂಡು ಇಳಿಬಿಟ್ಟು ನೇರ ಗೆರೆ ಎಳೆದೆ. ದೂರವನ್ನು ಟೇಪಿನಲ್ಲೇ ಅಳೆದೆ, ಏಕೆಂದರೆ 100 ಮೀಟರಿನಲ್ಲಿ ಒಂದು ಮೀಟರ್ ತಪ್ಪಿದರೆ ಉತ್ತರವೇ ಒಂದು ಶೇಕಡಾ ತಪ್ಪುತ್ತದೆ. ಕೆಳಗಿನ ಗುರುತಿಗೆ ಹಿಡಿದು ಐದು ಗುಂಡು. 8 ಮಿಲ್ ಏರಿಸಿ, ಅದೇ ಗುರುತಿಗೆ ಹಿಡಿದು ಮತ್ತೆ ಐದು. ಗುಂಪುಗಳ ನಡುವೆ 80 ಸೆಂಟಿಮೀಟರ್ ಇರಬೇಕಿತ್ತು, 79.4 ಬಂತು. ಗೆರೆಯಿಂದ ಪಕ್ಕಕ್ಕೂ ಸರಿದಿರಲಿಲ್ಲ. ವಾಪಸು ಸೊನ್ನೆಗೆ ತಂದು ಹೊಡೆದ ಮೂರು ಗುಂಡು ಮೊದಲ ಗುಂಪಿನ ಒಳಗೇ ಬಿದ್ದವು. ಆ ಸಂಜೆ ನನಗಾದ ಸಮಾಧಾನ ಇಷ್ಟಿಷ್ಟಲ್ಲ. ಗೆರೆಯಿಂದ ಪಕ್ಕಕ್ಕೆ ಸರಿಯುತ್ತಾ ಹೋದರೆ ತಪ್ಪು ಹೆಚ್ಚಾಗಿ ಸ್ಕೋಪ್ ಓರೆಯಾಗಿ ಕೂತದ್ದರಿಂದ, ಬಿಚ್ಚಿ ನೇರ ಮಾಡಿ. ಸ್ಕೋಪನ್ನು ರೈಫಲ್ಲಿಗೆ ಹಿಡಿಸುವ ರಿಂಗುಗಳ ಸ್ಕ್ರೂಗಳನ್ನು ಕೈ ಅಂದಾಜಿನಲ್ಲಿ ಬಿಗಿಯಬೇಡಿ, ತಯಾರಕರು ಹೇಳಿದ ಟಾರ್ಕ್ (ತಿರುಚುವ ಬಲ) ಇರಲಿ. ನನ್ನ ರಿಂಗುಗಳಿಗೆ 2 ನ್ಯೂಟನ್ ಮೀಟರ್.

ಕೊರತೆಗಳು ಇನ್ನೂ ಇವೆ. ರಿಂಗ್ ಬಿಟ್ಟು 760 ಗ್ರಾಂ, ಹಳೆಯ 3-9ರ ಎರಡು ಪಟ್ಟು. ಬೆಟ್ಟ ಹತ್ತುವ ದಿನ ಹೆಗಲಿಗೆ ಗೊತ್ತಾಗುತ್ತದೆ. 15ರಲ್ಲಿ ಕಣ್ಣು ಸರಿಯಾದ ಜಾಗದಲ್ಲೇ ಇರಬೇಕು, ಚೂರು ಸರಿದರೆ ಕಪ್ಪು ಅರ್ಧಚಂದ್ರ ಬರುತ್ತದೆ. ಮ್ಯಾಗ್ನಿಫಿಕೇಶನ್ ರಿಂಗ್ ಚಳಿಯಲ್ಲಿ ಬಿಗಿ, ಕೈಗವಸು ಹಾಕಿದಾಗ ಜಾರುತ್ತದೆ. ಸಣ್ಣ ಲಿವರ್ ಹಾಕಿಸಿದ ಮೇಲೆ ಸರಿಹೋಯಿತು. ವರ್ಷದಲ್ಲಿ ರೇಂಜಿಗಿಂತ ಕಾಡೇ ಹೆಚ್ಚು ಎನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ. ಅರ್ಧ ಕಿಲೋ ಆಸುಪಾಸಿನ 2.5-10×42, ಸೆಕೆಂಡ್ ಫೋಕಲ್ ಪ್ಲೇನ್, ಬೆಳಗುವ ಚುಕ್ಕೆ, ಪಕ್ಕದಲ್ಲಿ ಪ್ಯಾರಲಾಕ್ಸ್. ಅವರಿಗೆ ಅದೇ ಹೆಚ್ಚು ಸರಿ.

ಹಾಗೆಯೇ, ಪ್ರಾಣಿ ಹುಡುಕಲು ಎಂದೂ ಸ್ಕೋಪ್ ಎತ್ತಬೇಡಿ. ಪೊದೆಯಲ್ಲಿ ಅಲುಗಿದ್ದು ಮನುಷ್ಯನಾಗಿದ್ದರೆ ಆ ಕ್ಷಣ ತುಂಬಿದ ರೈಫಲ್ ಅವನ ಮೇಲೆ ನೆಟ್ಟಿರುತ್ತದೆ. ಹುಡುಕುವುದು ದುರ್ಬೀನಿನಲ್ಲಿ. ಕೊರಳಲ್ಲಿ ಒಳ್ಳೆಯ ದುರ್ಬೀನು ಇದ್ದವರಿಗೆ ಸ್ಕೋಪಿನಲ್ಲಿ 25 ಬೇಕೆಂದು ಅನಿಸುವುದೂ ಇಲ್ಲ.

ಹೋದ ಸೀಸನ್ನಿನಲ್ಲಿ ಮತ್ತೆ ಅದೇ ತೊರೆಗೆ ಹೋದೆವು. ಕೂರುವ ಮುಂಚೆ ಲಿವರನ್ನು 3ಕ್ಕೆ ತಳ್ಳಿ, ಟರೆಟ್ ಸೊನ್ನೆಯಲ್ಲಿದೆಯೇ ಎಂದು ಬೆರಳಲ್ಲಿ ಮುಟ್ಟಿ ನೋಡಿಕೊಂಡೆ. ಮುಸ್ಸಂಜೆಗೆ ಗಂಡು ಜಿಂಕೆಯೊಂದು ಸುಮಾರು 60 ಮೀಟರಿನಲ್ಲಿ ನೀರಿಗೆ ಇಳಿಯಿತು. ಇಡೀ ಮೈ, ಹಿಂದಿನ ಮಣ್ಣಿನ ದಿಬ್ಬ, ಮುಂದೆ ಅಡ್ಡ ಬಂದ ಒಂದು ಬಳ್ಳಿ, ಎಲ್ಲ ಒಟ್ಟಿಗೇ ಕಂಡಿತು. ಬಳ್ಳಿ ದಾಟುವ ತನಕ ಕಾದೆ. ಚುಕ್ಕೆ ಹೆಗಲ ಹಿಂದೆ ನಿಂತಿತು, ಒಂದೇ ಗುಂಡು. ಮಾರನೆಯ ದಿನ ರೇಂಜಿಗೆ ಹೋಗಿ 100 ಮೀಟರಿಗೆ ಮೂರು ಗುಂಡು ಹೊಡೆದು ನೋಡಿದೆ, ಜೀರೋ ಅಲ್ಲಾಡಿರಲಿಲ್ಲ. ಮಾವ ಸ್ಪಾಟಿಂಗ್ ಸ್ಕೋಪಿನಿಂದ ಕಣ್ಣು ತೆಗೆಯದೆ, "ಇದನ್ನು ಇನ್ನು ಬಿಚ್ಚಬೇಡ" ಎಂದರು.