ಪವರ್ ಕನ್ನಡಕದ ಮೇಲೆ ಸೈಕ್ಲಿಂಗ್ ಗಾಗಲ್: ನಾಲ್ಕು ಬಗೆಗಳ ಹೋಲಿಕೆ

ಪವರ್ ಕನ್ನಡಕ ಹಾಕುವವರು ಸೈಕಲ್ ಏರಿದಾಗ, ಕಣ್ಣಿಗೆ ಒಂದು ಅಡ್ಡ ಇದ್ದೇ ಇದೆಯಲ್ಲ ಎಂದು ನೆಮ್ಮದಿಯಿಂದಿರುವುದು ಸಹಜ. ಆದರೆ ಸಾಮಾನ್ಯ ಕನ್ನಡಕವನ್ನು ಮಾಡಿರುವುದು ನೋಟವನ್ನು ಸರಿಪಡಿಸಲಿಕ್ಕೇ ಹೊರತು ಕಣ್ಣನ್ನು ಕಾಯಲಿಕ್ಕಲ್ಲ. ಹುಬ್ಬಿನ ಕೆಳಗೆ, ಕೆನ್ನೆಯ ಮೇಲೆ ಮತ್ತು ಎರಡೂ ಪಕ್ಕಗಳಲ್ಲಿ ಉಳಿಯುವ ಸಂದುಗಳಿಂದ ಗಾಳಿಯೂ ಧೂಳೂ ಒಳಗೆ ಬರುತ್ತವೆ; ಇಳಿಜಾರಿನಲ್ಲಿ ವೇಗ ಏರಿದಂತೆ ಕಣ್ಣು ಒಣಗಿ ನೀರು ಸುರಿಸತೊಡಗುತ್ತದೆ. ಹೀಗೆ ನುಗ್ಗಿದ ಹುಳುವೊಂದು ಗಾಜಿನ ಹಿಂಬದಿಯಲ್ಲಿ ಸಿಕ್ಕಿಬಿದ್ದು, ಹೊರಹೋಗುವ ದಾರಿ ಕಾಣದೆ ರೆಪ್ಪೆಯ ಬಳಿಯೇ ಒದ್ದಾಡುವುದು ಕನ್ನಡಕ ಹಾಕದವರಿಗೆ ಗೊತ್ತಿಲ್ಲದ ಪಾಡು.

ನಾನು ಬಳಸಿ ನೋಡಿರುವ ನಾಲ್ಕು ಬಗೆಗಳನ್ನು ಇಲ್ಲಿ ಹೋಲಿಸಿದ್ದೇನೆ. ಒಂದು, ಕಾರ್ಖಾನೆ ಮತ್ತು ಪ್ರಯೋಗಾಲಯಗಳಲ್ಲಿ ಕನ್ನಡಕದ ಮೇಲೆ ಹಾಕಿಕೊಳ್ಳುವ ಪಾರದರ್ಶಕ ಸುರಕ್ಷಾ ಕನ್ನಡಕ. ಇನ್ನೊಂದು, ಕನ್ನಡಕವನ್ನು ಪೂರ್ತಿಯಾಗಿ ಮುಚ್ಚುವ ಅಗಲವಾದ ಕೂಲಿಂಗ್ ಗ್ಲಾಸ್. ಮತ್ತೊಂದು, ಹಿಮಜಾರಾಟಕ್ಕೂ ಕಚ್ಚಾದಾರಿಯ ಬೈಕ್ ಸವಾರಿಗೂ ತಯಾರಿಸುವ, ಸ್ಪಂಜಿನ ಅಂಚು ಮತ್ತು ಎಲಾಸ್ಟಿಕ್ ಪಟ್ಟಿ ಇರುವ ಗಾಗಲ್. ಕೊನೆಯದು, ಒಳಗೆ ಪವರ್ ಲೆನ್ಸಿನ ಚಿಕ್ಕ ಚೌಕಟ್ಟನ್ನು ಸಿಕ್ಕಿಸಿಕೊಳ್ಳುವ ಕ್ರೀಡಾ ಕನ್ನಡಕ. ಇದು ಕನ್ನಡಕದ ಮೇಲೆ ಧರಿಸುವಂಥದ್ದಲ್ಲ, ಅದರ ಬದಲಿಗೆ ಧರಿಸುವಂಥದ್ದು. ಆದರೂ ಉಳಿದ ಮೂರರಿಂದ ಬೇಸತ್ತವರು ತಿರುಗುವುದು ಅತ್ತಲೇ ಆದ್ದರಿಂದ ಹೋಲಿಕೆಯಿಂದ ಹೊರಗಿಡುವುದು ಸರಿಯಲ್ಲ. ನನ್ನದು ಸಮೀಪದೃಷ್ಟಿಯ ಕನ್ನಡಕ, ಮಧ್ಯಮ ಗಾತ್ರದ ಆಯತಾಕಾರದ ಫ್ರೇಮ್. ದೊಡ್ಡ ದುಂಡು ಫ್ರೇಮ್ ಇರುವವರಿಗೆ ಮೊದಲ ಎರಡು ಬಗೆಗಳಲ್ಲಿ ಆಯ್ಕೆ ಇನ್ನಷ್ಟು ಕಿರಿದಾಗುತ್ತದೆ.

ಯಾವುದು ಹೆಚ್ಚು ಗಟ್ಟಿ ಎಂಬ ಪ್ರಶ್ನೆಯಿಂದ ಹೊರಟರೆ ಈ ಆಯ್ಕೆ ಬಗೆಹರಿಯುವುದಿಲ್ಲ, ಏಕೆಂದರೆ ಸೈಕಲ್ಲಿನ ವೇಗಕ್ಕೆ ಇವೆಲ್ಲವೂ ಸಾಕಷ್ಟು ಗಟ್ಟಿಯಾಗಿರಬಲ್ಲವು. ಯುರೋಪಿನಲ್ಲಿ ಇತ್ತೀಚಿನವರೆಗೆ ಜಾರಿಯಲ್ಲಿದ್ದ ಇಎನ್ 166 ಮಾನದಂಡದಲ್ಲಿ 'ಎಫ್' ಗುರುತು ಪಡೆಯಬೇಕಾದರೆ, 6 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಡಿದರೂ ಗಾಜು ಒಡೆಯಬಾರದಾಗಿತ್ತು. ಅಂದರೆ ಗಂಟೆಗೆ 162 ಕಿಲೋಮೀಟರ್. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಾಗುವ ಸವಾರನು ಸೆಕೆಂಡಿಗೆ ಕ್ರಮಿಸುವುದು 8 ಮೀಟರಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಅಮೆರಿಕದ ಆನ್ಸಿ ಝಡ್ 87.1 ಮಾನದಂಡದಲ್ಲಿ 'ಝಡ್ 87+' ಎಂಬ ಗುರುತು ಹೆಚ್ಚಿನ ಹೊಡೆತವನ್ನು ತಡೆಯುವ ಗಾಜಿಗೆ ಸಿಗುತ್ತದೆ. ಈ ಎರಡರಲ್ಲಿ ಒಂದು ಗುರುತು ಗಾಜಿನ ಮೇಲೋ ಕಡ್ಡಿಯ ಮೇಲೋ ಇದ್ದರೆ ಗಟ್ಟಿತನದ ವಿಚಾರವನ್ನು ಅಲ್ಲಿಗೇ ಬಿಡಬಹುದು. ನಿಜವಾದ ತೊಡಕು ಬೇರೆಯದು: ಎರಡು ಗಾಜುಗಳ ನಡುವಿನ ಸಂದಿಗೆ ಗಾಳಿ ಎಷ್ಟು ಬರಬೇಕು, ಎಷ್ಟು ಬರಬಾರದು. ಗಾಳಿಯನ್ನು ಪೂರ್ತಿ ತಡೆದರೆ ಆವಿ ಕಟ್ಟುತ್ತದೆ, ಪೂರ್ತಿ ಬಿಟ್ಟರೆ ಗಾಗಲ್ ಹಾಕಿಕೊಂಡ ಉದ್ದೇಶವೇ ಈಡೇರುವುದಿಲ್ಲ.

ಕೊಳ್ಳುವ ಮೊದಲು ಸ್ವಂತ ಕನ್ನಡಕವನ್ನು ಅಳೆದುಕೊಳ್ಳುವುದು ಒಳ್ಳೆಯದು. ಕಡ್ಡಿಯ ಒಳಬದಿಯಲ್ಲಿ ಸಾಮಾನ್ಯವಾಗಿ 52, 18, 140 ಎಂಬಂತಹ ಮೂರು ಅಂಕಿಗಳಿರುತ್ತವೆ. ಅವು ಕ್ರಮವಾಗಿ ಒಂದು ಗಾಜಿನ ಅಗಲ, ಮೂಗಿನ ಸೇತುವೆಯ ಅಗಲ ಮತ್ತು ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರ್‌ಗಳಲ್ಲಿ. ಎರಡು ಗಾಜು ಮತ್ತು ಸೇತುವೆ ಸೇರಿದರೆ ಇಲ್ಲಿ 122 ಆಗುತ್ತದೆ, ಆದರೆ ಕಡ್ಡಿಯ ಕೀಲುಗಳು ಹೊರಗೆ ಚಾಚಿರುವ ಭಾಗ ಈ ಲೆಕ್ಕದಲ್ಲಿ ಬರುವುದಿಲ್ಲವಾದ್ದರಿಂದ ಒಂದು ಕೀಲಿನ ಹೊರಅಂಚಿನಿಂದ ಇನ್ನೊಂದರ ಹೊರಅಂಚಿನವರೆಗೆ ಅಳತೆಪಟ್ಟಿ ಹಿಡಿಯಲೇಬೇಕು. ಗಾಜಿನ ಎತ್ತರ ಆ ಮೂರು ಅಂಕಿಗಳಲ್ಲಿ ಇರುವುದೇ ಇಲ್ಲ, ಅದನ್ನೂ ಅಳೆಯಬೇಕು. ಹೊರಗಿನ ಗಾಗಲಿನ ಒಳ ಅಗಲ ಈ ಅಳತೆಗಳಿಗಿಂತ ಹೆಚ್ಚಿರದಿದ್ದರೆ ಅದು ಕನ್ನಡಕವನ್ನು ಒತ್ತಿ ಮೂಗಿನ ಮೇಲೆ ಕೂರಿಸುತ್ತದೆ. ಆ ನೋವು ಸವಾರಿಯ ಮೊದಲ ಹತ್ತು ನಿಮಿಷಗಳಲ್ಲಿ ತಿಳಿಯುವುದಿಲ್ಲ.

ಪಾರದರ್ಶಕ ಸುರಕ್ಷಾ ಕನ್ನಡಕವನ್ನು ನೋಡಿ ಯಾರೂ ಮರುಳಾಗುವುದಿಲ್ಲ. ಸೈಕಲ್ ಮೇಲೆ ಕುಳಿತವರು ವೆಲ್ಡಿಂಗ್ ಅಂಗಡಿಯಿಂದ ಎದ್ದು ಬಂದಂತೆ ಕಾಣುತ್ತಾರೆ. ಆದರೂ ನಾಲ್ಕರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಇದೇ. ಪಕ್ಕದ ತಡೆಗಳು ಕಡ್ಡಿಯೊಂದಿಗೆ ಅಚ್ಚಾಗಿಯೇ ಬಂದಿರುತ್ತವೆ, ಮೇಲಂಚು ಹುಬ್ಬಿನ ಮೇಲೆ ಚಾಚಿಕೊಂಡಿರುತ್ತದೆ, ಕೆಳಗೆ ಮಾತ್ರ ಕೆನ್ನೆಯಿಂದ ತುಸು ದೂರ ನಿಲ್ಲುತ್ತದೆ. ಆ ಕೆಳಗಿನ ಸಂದೇ ಇದರ ಗುಣ: ಸೈಕಲ್ ಚಲಿಸುತ್ತಿರುವಷ್ಟು ಹೊತ್ತೂ ಅಲ್ಲಿಂದ ಬರುವ ತೆಳುವಾದ ಗಾಳಿ ಒಳಗಿನ ತೇವವನ್ನು ಹೊರಗೆ ಒಯ್ಯುತ್ತದೆ, ಆದರೆ ಕಣ್ಣಿಗೆ ನೇರವಾಗಿ ಬಡಿಯುವುದಿಲ್ಲ. ಎಲ್ಲ ತಯಾರಿಕೆಗಳೂ ಒಂದೇ ಸಮನಲ್ಲ. ಕಡ್ಡಿಯ ಉದ್ದವನ್ನೂ ಗಾಜಿನ ವಾಲಿಕೆಯನ್ನೂ ಹೊಂದಿಸಿಕೊಳ್ಳಲು ಬರುವಂಥದ್ದನ್ನೇ ಆರಿಸಬೇಕು, ಏಕೆಂದರೆ ಕಿವಿಯ ಮೇಲೆ ಈಗ ಎರಡು ಜೊತೆ ಕಡ್ಡಿಗಳಿರುತ್ತವೆ, ಅವುಗಳ ಮೇಲೆ ಹೆಲ್ಮೆಟ್ಟಿನ ಪಟ್ಟಿ, ಹಿಂದೆ ಹೆಲ್ಮೆಟ್ಟನ್ನು ಬಿಗಿಗೊಳಿಸುವ ಚಕ್ರದ ಪಟ್ಟಿ. ದಪ್ಪ ಕಡ್ಡಿಗಳು ಆ ಹಿಂಪಟ್ಟಿಗೆ ತಾಗಿ, ತಲೆ ಎತ್ತಿದಾಗಲೆಲ್ಲ ಗಾಗಲನ್ನು ಮುಂದಕ್ಕೆ ತಳ್ಳುತ್ತವೆ. ಹೆಲ್ಮೆಟ್ ಹಾಕಿಕೊಂಡು ಪರೀಕ್ಷಿಸದೆ ಕೊಂಡರೆ ಈ ದೋಷ ರಸ್ತೆಯಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ.

ಅಗಲವಾದ ಕೂಲಿಂಗ್ ಗ್ಲಾಸ್ ರಚನೆಯಲ್ಲಿ ಮೇಲಿನದರ ಅಣ್ಣ-ತಮ್ಮನೇ ಆದರೂ ಅದರ ಗುರಿ ಬೆಳಕು. ನಡುಹಗಲಿನ ಬಿಸಿಲಿನಲ್ಲಿ ಇದರಷ್ಟು ಸುಖವನ್ನು ಉಳಿದ ಯಾವುದೂ ಕೊಡಲಿಲ್ಲ. ಇಂಥ ಗಾಜುಗಳನ್ನು ಎಷ್ಟು ಕಪ್ಪು ಎಂಬುದರ ಮೇಲೆ ವರ್ಗಗಳಾಗಿ ವಿಂಗಡಿಸುತ್ತಾರೆ; ಸಾಮಾನ್ಯವಾಗಿ ಸಿಗುವ 3ನೇ ವರ್ಗದ ಗಾಜು ಬೆಳಕಿನ ಶೇಕಡಾ 8ರಿಂದ 18ರಷ್ಟನ್ನು ಮಾತ್ರ ಒಳಬಿಡುತ್ತದೆ. ದಟ್ಟ ಮರಗಳ ನೆರಳಿಗೆ ಅಥವಾ ಸುರಂಗಕ್ಕೆ ಥಟ್ಟನೆ ನುಗ್ಗಿದಾಗ ಇದು ಅಪಾಯವೇ, ಮತ್ತು ಕನ್ನಡಕದ ಮೇಲೆ ಕುಳಿತಿರುವ ಇದನ್ನು ಒಂದು ಕೈಯಲ್ಲಿ ತೆಗೆಯಹೋದರೆ ಒಳಗಿನ ಕನ್ನಡಕವೂ ಜೊತೆಗೆ ಬರುತ್ತದೆ. ಪೋಲರೈಸ್ಡ್ ಗಾಜಿನ ಬಗ್ಗೆ ನನ್ನ ಅಭಿಪ್ರಾಯ ಮಿಶ್ರವಾದದ್ದು: ರಸ್ತೆಯಿಂದ ಪುಟಿದು ಕಣ್ಣು ಕೋರೈಸುವ ಬೆಳಕನ್ನು ಅದು ಚೆನ್ನಾಗಿ ತಗ್ಗಿಸುತ್ತದೆ, ಆದರೆ ಒದ್ದೆ ನೆಲ, ಚೆಲ್ಲಿದ ಎಣ್ಣೆ ಇವುಗಳ ಸುಳಿವು ಕೊಡುವುದೂ ಅದೇ ಹೊಳಪು. ಹ್ಯಾಂಡಲ್ ಮೇಲಿನ ಸೈಕಲ್ ಕಂಪ್ಯೂಟರ್ ಅಥವಾ ಫೋನಿನ ಪರದೆ ಕೆಲವು ಕೋನಗಳಲ್ಲಿ ಕಪ್ಪಾಗಿ ಕಾಣುವುದೂ ಉಂಟು. ರಸ್ತೆ ಸವಾರಿಗೆ ಪೋಲರೈಸ್ಡ್ ಅಲ್ಲದ, ತುಸು ತಿಳಿಬಣ್ಣದ 2ನೇ ವರ್ಗದ ಗಾಜನ್ನೇ ನಾನು ಆರಿಸುತ್ತೇನೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಬಿಸಿಲಿಗೆ ತಾನಾಗಿ ಕಪ್ಪಾಗುವ ಫೋಟೋಕ್ರೋಮಿಕ್ ಪವರ್ ಲೆನ್ಸ್ ಇರುವವರು, ಅದರ ಮೇಲೆ ಪಾರದರ್ಶಕ ಗಾಗಲ್ ಹಾಕಿದರೆ ಎರಡೂ ಲಾಭ ಸಿಗುತ್ತದೆ ಎಂದು ಎಣಿಸುತ್ತಾರೆ. ಹಾಗಾಗುವುದಿಲ್ಲ. ಅಂತಹ ಹೆಚ್ಚಿನ ಲೆನ್ಸ್‌ಗಳು ಕಪ್ಪಾಗುವುದು ಅತಿನೇರಳೆ ಕಿರಣಗಳಿಂದ. ಇಂತಹ ಗಾಗಲುಗಳಿಗೆ ಬಳಸುವ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಗಾಜು ನೋಡಲು ಎಷ್ಟೇ ತಿಳಿಯಾಗಿದ್ದರೂ ಆ ಕಿರಣಗಳ ಬಹುಪಾಲನ್ನು ಹೊರಗೇ ತಡೆಯುತ್ತದೆ. ಒಳಗಿನ ಲೆನ್ಸ್ ಬಿಳಿಯಾಗಿಯೇ ಉಳಿಯುತ್ತದೆ. ಬಣ್ಣ ಬದಲಿಸುವ ಗುಣ ಬೇಕಿದ್ದರೆ ಅದು ಹೊರಗಿನ ಗಾಜಿನಲ್ಲಿರಬೇಕು.

ಸ್ಪಂಜಿನ ಅಂಚಿನ ಗಾಗಲ್ ರಕ್ಷಣೆಯಲ್ಲಿ ನಿಸ್ಸಂಶಯವಾಗಿ ಮೊದಲನೆಯದು. ಕನ್ನಡಕಕ್ಕೆ ಹೊಂದುವಂತೆ ಮಾಡಿದ ಮಾದರಿಗಳಲ್ಲಿ ಪೆಟ್ಟಿಗೆ ಆಳವಾಗಿದ್ದು, ಕಡ್ಡಿಗಳು ಹಾದುಹೋಗಲು ಸ್ಪಂಜಿನ ಎರಡೂ ಬದಿಗಳಲ್ಲಿ ಕಚ್ಚು ಇರುತ್ತದೆ. ಕಚ್ಚು ಇಲ್ಲದ ಗಾಗಲ್ ಕಡ್ಡಿಯನ್ನು ತಲೆಯ ಪಕ್ಕಕ್ಕೆ ಒತ್ತಿಹಿಡಿಯುವುದರಿಂದ ಅದನ್ನು ಪರಿಗಣಿಸಲೇಬಾರದು. ಧೂಳಿನ ಕಾಡುದಾರಿಯ ಇಳಿಜಾರಿನಲ್ಲಿ, ಮುಂದಿನ ಸವಾರನ ಚಕ್ರದಿಂದ ಮಣ್ಣು ಎರಚುವಾಗ, ಇದನ್ನು ಹಾಕಿಕೊಂಡವರಿಗೆ ಕಣ್ಣಿನ ಚಿಂತೆಯೇ ಇರುವುದಿಲ್ಲ. ಏರು ದಾರಿ ಬಂದೊಡನೆ ಚಿತ್ರ ಬದಲಾಗುತ್ತದೆ. ವೇಗ ಇಳಿಯುತ್ತದೆ, ಮೈ ಬೆವರುತ್ತದೆ, ಮುಖದಿಂದೇಳುವ ಬಿಸಿ ತೇವದ ಗಾಳಿ ಹೊರಗಿನ ಗಾಳಿಗೆ ತಣ್ಣಗಾಗಿರುವ ಗಾಜನ್ನು ಮುಟ್ಟಿ ಹನಿಗಟ್ಟುತ್ತದೆ. ಗಾಗಲ್‌ ತಯಾರಕರು ಇದಕ್ಕೆಂದು ನಡುವೆ ಗಾಳಿ ಇರುವ ಎರಡು ಪದರದ ಗಾಜನ್ನು ಕೊಡುತ್ತಾರೆ. ಹೊರಪದರ ತಣ್ಣಗಿದ್ದರೂ ಒಳಪದರ ಅಷ್ಟು ತಣಿಯದೆ ಆವಿ ಕಟ್ಟುವುದು ತಡವಾಗುತ್ತದೆ. ಆದರೆ ಆ ಜಾಣ್ಮೆಯೆಲ್ಲ ಗಾಗಲಿನ ಗಾಜಿಗೆ ಮಾತ್ರ. ಒಳಗಿರುವ ಪವರ್ ಕನ್ನಡಕಕ್ಕೆ ಒಂದೇ ಪದರ, ಆವಿ ತಡೆಯುವ ಲೇಪವೂ ಇಲ್ಲ. ಗಾಗಲ್ ತಿಳಿಯಾಗಿದ್ದು ಒಳಗಿನ ಕನ್ನಡಕ ಮಾತ್ರ ಮಂಜಾಗುವ ವಿಚಿತ್ರ ಸ್ಥಿತಿ ಬರುತ್ತದೆ, ಮತ್ತು ಅದನ್ನು ಒರೆಸಬೇಕಾದರೆ ಹೆಲ್ಮೆಟ್, ಗಾಗಲ್, ಕನ್ನಡಕ ಎಲ್ಲವನ್ನೂ ಕಳಚಬೇಕು. ನಿಂತು ತೆಗೆದು ಕತ್ತಿಗೆ ಇಳಿಬಿಟ್ಟುಕೊಂಡು ಏರು ದಾಟಿ, ಇಳಿಜಾರಿಗೆ ಮತ್ತೆ ಹಾಕಿಕೊಳ್ಳುವ ತಾಳ್ಮೆ ಇರುವವರಿಗೆ ಇದು ಸರಿ. ಪ್ರತಿ ಸಿಗ್ನಲ್ ಬಳಿ ನಿಲ್ಲಬೇಕಾದ ಪಟ್ಟಣದ ಸವಾರಿಗೆ ಇದನ್ನು ನಾನು ಯಾರಿಗೂ ಸೂಚಿಸಲಾರೆ.

ಗಾಗಲ್ ಒತ್ತಿದಾಗ ಕನ್ನಡಕ ಕಣ್ಣಿಗೆ ಹತ್ತಿರವಾಗಿ ಪವರ್ ಬದಲಾಗುವುದೆಂಬ ಆತಂಕ ಕೆಲವರಿಗಿದೆ. ಮೈನಸ್ 6 ಪವರಿನ ಲೆನ್ಸ್ 2 ಮಿಲಿಮೀಟರ್ ಹತ್ತಿರವಾದರೆ ಆಗುವ ವ್ಯತ್ಯಾಸ ಸುಮಾರು 0.07 ಡಯಾಪ್ಟರ್ (ಪವರನ್ನು ಅಳೆಯುವ ಮಾನ), ಕನ್ನಡಕ ಕೊಡುವಾಗ ಪವರನ್ನು ಏರಿಳಿಸುವ 0.25ರ ಹಂತದ ಮೂರನೇ ಒಂದಂಶವೂ ಅದಲ್ಲ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನಲ್ಲಿ ಪವರ್ ಇರುವ ಪ್ರೊಗ್ರೆಸಿವ್ ಲೆನ್ಸ್ ಹಾಕುವವರಿಗೆ ಮಾತ್ರ ಎಚ್ಚರ ಬೇಕು, ಏಕೆಂದರೆ ಅಲ್ಲಿ ತೊಂದರೆ ಕೊಡುವುದು ದೂರವಲ್ಲ, ಎತ್ತರ. ಕನ್ನಡಕ ತುಸು ಮೇಲೇರಿ ಕುಳಿತರೂ ಹತ್ತಿರದ ನೋಟದ ಭಾಗ ರಸ್ತೆಗೆ ಅಡ್ಡ ಬರುತ್ತದೆ, ಮುಂಚಕ್ರದ ಎದುರಿನ ಗುಂಡಿ ಮಸುಕಾಗುತ್ತದೆ.

ಪವರ್ ಚೌಕಟ್ಟನ್ನು ಒಳಗೆ ಸಿಕ್ಕಿಸುವ ಕ್ರೀಡಾ ಕನ್ನಡಕದಲ್ಲಿ ಈ ಎರಡು ಜೊತೆ ಕಡ್ಡಿಗಳ ಗೋಜಿಲ್ಲ. ಹೆಲ್ಮೆಟ್ ಸರಾಗವಾಗಿ ಕೂರುತ್ತದೆ, ಹೊರಗಿನ ಗಾಜು ಮುಖದ ಸುತ್ತ ಬಾಗಿ ಬರುವುದರಿಂದ ಗಾಳಿ ಚೆನ್ನಾಗಿ ತಡೆಯಲ್ಪಡುತ್ತದೆ, ಹೊತ್ತಿಗೆ ತಕ್ಕಂತೆ ಕಪ್ಪು ಅಥವಾ ಬಿಳಿ ಗಾಜನ್ನು ಬದಲಿಸಬಹುದು. ಹ್ಯಾಂಡಲಿನ ಕೆಳಭಾಗ ಹಿಡಿದು ಬಾಗಿ ಸವಾರಿ ಮಾಡುವವರಿಗೆ ಇದರಲ್ಲೊಂದು ಕೊರತೆ ಕಾಣುತ್ತದೆ: ಬಾಗಿದಾಗ ರಸ್ತೆಯನ್ನು ನೋಡುವುದು ಲೆನ್ಸಿನ ಮೇಲ್ತುದಿಯಿಂದ, ಒಳಚೌಕಟ್ಟು ಚಿಕ್ಕದಾದ್ದರಿಂದ ಆ ಜಾಗದಲ್ಲಿ ಲೆನ್ಸೇ ಇರುವುದಿಲ್ಲ, ನೋಟ ಅಂಚನ್ನು ದಾಟಿ ಪವರ್ ಇಲ್ಲದ ಮಸುಕಿಗೆ ಹೋಗುತ್ತದೆ. ಪವರ್ ಹೆಚ್ಚಿದ್ದರೆ ಅಂಚು ದಪ್ಪವಾಗಿ ಹೊರಗಾಜಿಗೆ ತಾಗಲೂಬಹುದು, ಉದ್ದ ರೆಪ್ಪೆಯವರಿಗೆ ಲೆನ್ಸ್ ರೆಪ್ಪೆಗೆ ತಾಗುತ್ತದೆ. ಎರಡು ಗಾಜುಗಳು ಇಲ್ಲೂ ಇರುವುದರಿಂದ ಆವಿಯಿಂದ ಪೂರ್ತಿ ಬಿಡುಗಡೆಯೂ ಇಲ್ಲ. ಸೈಕಲ್ ಇಳಿದ ಮೇಲೆ ಹಾಕಿಕೊಳ್ಳಲು ಮಾಮೂಲಿ ಕನ್ನಡಕವನ್ನು ಚೀಲದಲ್ಲಿ ಒಯ್ಯಬೇಕು. ಸಣ್ಣ ಕೆಲಸಕ್ಕೆ ಹೋಗಿಬರುವವರಿಗೆ ಇದೊಂದು ಕಿರಿಕಿರಿ, ಇಡೀ ದಿನದ ಸವಾರಿಗೆ ಲೆಕ್ಕಕ್ಕಿಲ್ಲ.

ಕನ್ನಡಕಕ್ಕೆ ಸಿಕ್ಕಿಸುವ ಕ್ಲಿಪ್ ಗಾಜು ಬಿಸಿಲಿಗೆ ಸಾಕು, ರಕ್ಷಣೆಗಲ್ಲ. ಅದು ಸಂದುಗಳನ್ನು ಮುಚ್ಚುವುದೇ ಇಲ್ಲ. ಹೆಲ್ಮೆಟ್ಟಿಗೇ ಅಂಟಿಕೊಂಡು ಬರುವ ಮುಖಗಾಜು ಮಾತ್ರ ಗಮನಕ್ಕೆ ಅರ್ಹ, ಏಕೆಂದರೆ ಅದು ಕನ್ನಡಕವನ್ನು ಮುಟ್ಟುವುದೇ ಇಲ್ಲ ಮತ್ತು ನಿಂತಾಗ ಮೇಲೆತ್ತಿದರೆ ಆವಿ ಕ್ಷಣದಲ್ಲಿ ಹೋಗುತ್ತದೆ. ಹೆಲ್ಮೆಟ್ ಹೇಗೂ ಬದಲಿಸಬೇಕಾಗಿರುವವರು ಇದನ್ನು ನೋಡಬಹುದು.

ರಾತ್ರಿ ಸವಾರಿಯಲ್ಲಿ ಲೆಕ್ಕ ಬೇರೆಯಾಗುತ್ತದೆ. ಲೇಪವಿಲ್ಲದ ಪಾಲಿಕಾರ್ಬೊನೇಟಿನ ಒಂದೊಂದು ಮೈಯೂ ಬೆಳಕಿನ ಸುಮಾರು ಶೇಕಡಾ 5ರಷ್ಟನ್ನು ಹಿಂದಕ್ಕೆ ಪುಟಿಸುತ್ತದೆ. ಒಂದು ಗಾಜಿಗೆ ಎರಡು ಮೈಗಳಾದ್ದರಿಂದ ಎಷ್ಟೇ ತಿಳಿಯಾದ ಗಾಗಲ್ ಆದರೂ ದಾಟಿಸುವುದು ಶೇಕಡಾ 90ರಷ್ಟು. ಒಳಗಿನ ಕನ್ನಡಕಕ್ಕೆ ಪ್ರತಿಫಲನ ತಡೆಯುವ ಲೇಪ ಇಲ್ಲದಿದ್ದರೆ ಇನ್ನೂ ಶೇಕಡಾ 8ರಷ್ಟು ಹೋಗುತ್ತದೆ. ಬೆಳಕು ಕಡಿಮೆಯಾಗುವುದಕ್ಕಿಂತ ಹೆಚ್ಚು ಕಾಡುವುದು ಗಾಜುಗಳ ನಡುವೆ ಪುಟಿಯುವ ದೀಪಗಳ ನೆರಳುಬಿಂಬ. ಕನ್ನಡಕಕ್ಕೆ ಆ ಲೇಪ ಇರುವವರಿಗೆ ಪಾರದರ್ಶಕ ಸುರಕ್ಷಾ ಕನ್ನಡಕ ರಾತ್ರಿಯೂ ನಡೆಯುತ್ತದೆ. ಇಲ್ಲದವರಿಗೆ ಒಳಚೌಕಟ್ಟಿನ ಕ್ರೀಡಾ ಕನ್ನಡಕಕ್ಕೆ ಹೊಸದಾಗಿ ಲೆನ್ಸ್ ಮಾಡಿಸುವಾಗಲೇ ಲೇಪ ಹಾಕಿಸಿಕೊಳ್ಳುವುದು ಜಾಣತನ. ಹಳದಿ ಗಾಜು ರಾತ್ರಿಗೆ ಒಳ್ಳೆಯದೆಂಬ ಮಾತನ್ನು ನಂಬಬೇಕಿಲ್ಲ, ಅದೂ ಬೆಳಕನ್ನು ಕಳೆಯುತ್ತದೆಯೇ ಹೊರತು ಕೂಡಿಸುವುದಿಲ್ಲ.

ದಿನನಿತ್ಯದ ಓಡಾಟಕ್ಕೆ ನಾನು ಪಾರದರ್ಶಕ ಸುರಕ್ಷಾ ಕನ್ನಡಕವನ್ನೇ ಉಳಿಸಿಕೊಂಡಿದ್ದೇನೆ, ದೂರದ ಸವಾರಿಗೆ ಒಳಚೌಕಟ್ಟಿನದನ್ನು. ಎರಡಕ್ಕೂ ಆರೈಕೆ ಒಂದೇ ಬಗೆಯದು. ಪಾಲಿಕಾರ್ಬೊನೇಟ್ ಹೊಡೆತಕ್ಕೆ ಜಗ್ಗದಿದ್ದರೂ ಗೀರಿಗೆ ಬಲು ಬೇಗ ಸೋಲುತ್ತದೆ, ಆದ್ದರಿಂದ ಧೂಳನ್ನು ಮೊದಲು ನೀರಿನಲ್ಲಿ ತೊಳೆದು ಆಮೇಲೆ ಮೆತ್ತನೆಯ ಬಟ್ಟೆ ಮುಟ್ಟಿಸಬೇಕು. ಅಸಿಟೋನ್, ಅಮೋನಿಯಾ ಇರುವ ದ್ರಾವಣಗಳನ್ನು ಹತ್ತಿರ ತರಬಾರದು. ಆವಿ ತಡೆಯುವ ಒಳಮೈ ಲೇಪವನ್ನು ಒದ್ದೆಯಿರುವಾಗ ಉಜ್ಜಿದರೆ ಲೇಪವೇ ಕಿತ್ತು ಬರುತ್ತದೆ, ಅದನ್ನು ಗಾಳಿಗೆ ಒಣಗಲು ಬಿಡಬೇಕು. ಎದುರಿನ ವಾಹನದ ದೀಪ ಗೀರುಗಳ ಮೇಲೆ ಚದುರತೊಡಗಿತೆಂದರೆ ಆ ಗಾಜನ್ನು ರಾತ್ರಿ ಸವಾರಿಗೆ ಮತ್ತೆ ಬಳಸಬಾರದು, ಹಗಲಿನಲ್ಲಿ ಎಷ್ಟೇ ತಿಳಿಯಾಗಿ ಕಂಡರೂ.