ತೋಟದ ದಾರಿಯಲ್ಲಿ 90 ಪಾಠ: ಲ್ಯಾಂಗ್ವೇಜ್ ಟ್ರಾನ್ಸ್‌ಫರ್ ಸ್ಪ್ಯಾನಿಷ್ ಕೋರ್ಸು ಹೇಗಿದೆ?

ಬೆಳಿಗ್ಗೆ ಆರೂಕಾಲಿಗೆ ಮನೆ ಬಿಟ್ಟು ತೋಟದ ಮೇಲಿನ ಗೇಟಿನ ತನಕ ಹೋಗಿ ಬರಲು ನನಗೆ ಮೂವತ್ತೈದು ನಿಮಿಷ ಬೇಕು. ಕಳೆದ ಜೂನ್‌ನಿಂದ ಆ ಮೂವತ್ತೈದು ನಿಮಿಷವೇ ನನ್ನ ಸ್ಪ್ಯಾನಿಷ್ ಕ್ಲಾಸು. ಒಂದೇ ಕಿವಿಗೆ ಇಯರ್‌ಫೋನ್ ಹಾಕುತ್ತೇನೆ. ಇನ್ನೊಂದು ಕಿವಿ ತೆರೆದೇ ಇರಬೇಕು. ನಮ್ಮ ಮೂಡಿಗೆರೆ ಕಡೆ ಆನೆ ಯಾವ ಹೊತ್ತಿನಲ್ಲಿ ಎಲ್ಲಿಂದ ಬರುತ್ತದೋ ಹೇಳಲು ಆಗುವುದಿಲ್ಲ.

ನನಗೆ 49 ವರ್ಷ. ಎಸ್‌ಎಸ್‌ಎಲ್‌ಸಿ ತನಕ ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ. ಏಳು ಎಕರೆ ಕಾಫಿ ತೋಟ, ಜಾಸ್ತಿ ಅರೇಬಿಕಾ, ಕೆಳಗಿನ ತಾಕಿನಲ್ಲಿ ಸ್ವಲ್ಪ ರೊಬಸ್ಟಾ. ಈ ವಯಸ್ಸಿನಲ್ಲಿ ಸ್ಪ್ಯಾನಿಷ್ ಯಾಕೆ ಎಂದು ಮನೆಯವರೂ ಕೇಳಿದರು, ನೆಂಟರೂ ಕೇಳಿದರು. ಕಾರಣ ಕಾಫಿಯೇ.

ಕೊಲಂಬಿಯಾದ ಚಿಂಚಿನಾ ಎಂಬ ಊರಿನ ಹತ್ತಿರ ಸೆನಿಕಫೆ ಅಂತ ಒಂದು ಕಾಫಿ ಸಂಶೋಧನಾ ಕೇಂದ್ರ ಇದೆ. 1938ರಲ್ಲಿ ಶುರುವಾದದ್ದು. ನಮಗೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಹೇಗೋ ಅಲ್ಲಿಯವರಿಗೆ ಅದು ಹಾಗೆ. ಬೆಳೆಗಾರರಿಗೆ ಅಂತಲೇ ಅವರು ಕಿರುಪುಸ್ತಕ, ವಿಡಿಯೊ ಎಲ್ಲ ಮಾಡುತ್ತಾರೆ, ಸ್ಪ್ಯಾನಿಷ್‌ನಲ್ಲಿ. ಕಾಫಿ ಹಣ್ಣನ್ನು ಕೊರೆಯುವ ಕಾಯಿಕೊರಕ ಹುಳು ಅವರ ತೋಟಕ್ಕೆ ಬಂದದ್ದು 1988ರಲ್ಲಿ, ನಮ್ಮ ದೇಶಕ್ಕೆ 1990ರಲ್ಲಿ. ಎಲೆ ತುಕ್ಕು ರೋಗ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ನಾನು ನೆಟ್ಟಿರುವ ಚಂದ್ರಗಿರಿ ಗಿಡ ಸಾರ್ಚಿಮೋರ್ ತಳಿಯಿಂದ ಬಂದದ್ದು, ಆ ಸಾರ್ಚಿ ಎನ್ನುವುದು ಕೋಸ್ಟಾರಿಕಾದ ಒಂದು ಊರು. ನನ್ನ ಗಿಡದ ವಂಶದಲ್ಲೇ ಸ್ಪ್ಯಾನಿಷ್ ಇರುವಾಗ ಆ ಭಾಷೆ ನನಗೆ ದೂರದ್ದು ಅಂತ ಅನಿಸಲೇ ಇಲ್ಲ.

ಮೊದಲು ಯಂತ್ರದ ಅನುವಾದ ಹಾಕಿಕೊಂಡು ನೋಡುತ್ತಿದ್ದೆ. 'ಡ್ರಿಲ್ ಹಣ್ಣಿನೊಳಗೆ ಮೊಟ್ಟೆ ಇಡುತ್ತದೆ' ಅಂತ ಬರುತ್ತಿತ್ತು. ಸ್ಪ್ಯಾನಿಷ್‌ನಲ್ಲಿ ಕಾಯಿಕೊರಕಕ್ಕೆ ಬ್ರೋಕಾ ಅನ್ನುತ್ತಾರೆ. ಮರ ಕೊರೆಯುವ ಡ್ರಿಲ್ಲಿನ ಮೊನೆಗೂ ಅದೇ ಹೆಸರು. ಅದು ಗೊತ್ತಾಗಲು ನನಗೆ ಎರಡು ವಾರ ಬೇಕಾಯಿತು. ಆ ದಿನವೇ ಭಾಷೆ ಕಲಿಯಬೇಕು ಅಂತ ತೀರ್ಮಾನಿಸಿದೆ.

ಮೊದಲು ಒಂದು ಆನ್‌ಲೈನ್ ಕ್ಲಾಸಿಗೆ ದುಡ್ಡು ಕಟ್ಟಿದ್ದೆ. ಮೂರನೇ ವಾರ ಮೇಷ್ಟ್ರು ಬದಲಾದರು, ಐದನೇ ವಾರ ಸಮಯ ಬದಲಾಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಇರುವುದಿಲ್ಲ. ತಪ್ಪಿದ ಕ್ಲಾಸಿನ ರೆಕಾರ್ಡಿಂಗ್ ಕೇಳಿದರೆ ಕೊಡಲಿಲ್ಲ. ಬಿಟ್ಟುಬಿಟ್ಟೆ.

ಆಮೇಲೆ ಸಿಕ್ಕಿದ್ದು ಲ್ಯಾಂಗ್ವೇಜ್ ಟ್ರಾನ್ಸ್‌ಫರ್‌ನ 'ಕಂಪ್ಲೀಟ್ ಸ್ಪ್ಯಾನಿಷ್'. ಮಿಹಾಲಿಸ್ ಎಲೆಫ್ತೆರಿಯು ಎಂಬವರು ಮಾಡಿರುವ ಕೋರ್ಸು. 90 ಪಾಠ, ಎಲ್ಲವೂ ಬರೀ ಧ್ವನಿ. ಹೆಚ್ಚಿನವು ಹತ್ತು ನಿಮಿಷದ ಆಸುಪಾಸು. ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಇಷ್ಟವಾದವರು ದೇಣಿಗೆ ಕೊಡಬಹುದು. ನಾನು ಕೊಟ್ಟಿದ್ದೇನೆ, ಮನಸ್ಸಾರೆ ಕೊಟ್ಟಿದ್ದೇನೆ. ಪೇಟೆಗೆ ಹೋದ ದಿನ ಆ್ಯಪಿನಲ್ಲಿ ಎಲ್ಲ ಪಾಠ ಇಳಿಸಿಕೊಂಡು ಬಂದೆ. ಆಮೇಲೆ ನೆಟ್‌ವರ್ಕಿನ ಹಂಗಿಲ್ಲ. ಮಲೆನಾಡಿನಲ್ಲಿ ಇರುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಮಲೆನಾಡಿನವರಿಗೇ ಗೊತ್ತು.

ಪಾಠ ನಡೆಯುವ ರೀತಿ ಹೀಗೆ. ಮೇಷ್ಟ್ರ ಜೊತೆ ಕಲಿಯುವವರೊಬ್ಬರು ಕೂತಿರುತ್ತಾರೆ. ಮೇಷ್ಟ್ರು ಒಂದು ಎಳೆ ಕೊಟ್ಟು, ಇದನ್ನು ಹೇಗೆ ಹೇಳುತ್ತೀರಿ ಎಂದು ಕೇಳುತ್ತಾರೆ. ನಾವು ಅಲ್ಲಿ ಪಾಜ್ ಒತ್ತಬೇಕು. ಯೋಚಿಸಿ ಬಾಯಿಬಿಟ್ಟು ಉತ್ತರ ಹೇಳಬೇಕು. ಆಮೇಲೆ ಮುಂದೆ ಕೇಳಬೇಕು. ಬರೆದುಕೊಳ್ಳಬೇಡಿ, ಬಾಯಿಪಾಠ ಮಾಡಬೇಡಿ ಅಂತ ಅವರು ಮೊದಲೇ ಹೇಳುತ್ತಾರೆ. ನನಗೆ ಇದು ನಂಬಲು ಕಷ್ಟವಾಯಿತು. ನಾವು ಮಗ್ಗಿ ಹೇಳಿ ಬೆಳೆದವರು, ಅಲ್ವಾ? ಆದರೆ ಪಾಜ್ ಒತ್ತದೆ ಸುಮ್ನೆ ಹಾಡಿನ ಹಾಗೆ ಕೇಳಿದ ಪಾಠ ಒಂದೂ ನಿಲ್ಲಲಿಲ್ಲ. ಪಾಜ್ ಒತ್ತಿ ಒದ್ದಾಡಿದ ಪಾಠ ಇವತ್ತಿಗೂ ನೆನಪಿದೆ. ಹತ್ತು ನಿಮಿಷದ ಪಾಠಕ್ಕೆ ನನಗೆ ಇಪ್ಪತ್ತು ನಿಮಿಷ ಬೇಕು. ಆ ಲೆಕ್ಕ ಇಟ್ಟುಕೊಂಡೇ ಶುರು ಮಾಡಿ.

ಶುರುವಿನ ಪಾಠಗಳಲ್ಲಿ ಇಂಗ್ಲಿಷಿನ ಪದಗಳನ್ನೇ ಸ್ಪ್ಯಾನಿಷ್ ಮಾಡುವುದನ್ನು ತೋರಿಸುತ್ತಾರೆ. ನಾರ್ಮಲ್ ಎನ್ನುವುದು ನೋರ್ಮಾಲ್, ಲೀಗಲ್ ಎನ್ನುವುದು ಲೆಗಾಲ್. ಇಂಗ್ಲಿಷಿನಲ್ಲಿ 'ಏಷನ್' ಅಂತ ಮುಗಿಯುವ ಪದದಿಂದ ಕ್ರಿಯಾಪದ ಹುಟ್ಟಿಸುವ ದಾರಿ ಹೇಳಿಕೊಡುತ್ತಾರೆ. ಅದು ಗೊತ್ತಾದ ದಿನ ತೋಟದಲ್ಲಿ ನಡೆಯುತ್ತಾ ನಾನೇ ಕಟ್ಟಿಕೊಂಡೆ: ಫರ್ಮೆಂಟೇಷನ್‌ಗೆ ಫೆರ್ಮೆಂತಾಸಿಯೋನ್, ಅದರಿಂದ ಫೆರ್ಮೆಂತಾರ್. ಎಕ್ಸ್‌ಪೋರ್ತಾಸಿಯೋನ್, ಎಕ್ಸ್‌ಪೋರ್ತಾರ್. ಮನೆಗೆ ಬಂದು ಡಿಕ್ಷನರಿ ನೋಡಿದರೆ ಎಲ್ಲ ಸರಿ ಇತ್ತು. ಆ ಖುಷಿ ಹೇಳಿ ಮುಗಿಯುವಂಥದ್ದಲ್ಲ.

ಈ ಕೋರ್ಸು ಇಂಗ್ಲಿಷ್ ಬಲ್ಲವರಿಗಾಗಿ ಮಾಡಿದ್ದು. ಹಾಗಾಗಿ ಇಂಗ್ಲಿಷ್ ಕೇಳಿ ಅರ್ಥವಾಗುವಷ್ಟಾದರೂ ಬರಬೇಕು. ಆದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಬೇರೆ. ಇಂಗ್ಲಿಷಿನವರು ಎಡವುವ ಜಾಗಗಳಲ್ಲಿ ಕನ್ನಡದವರು ಆರಾಮಾಗಿ ದಾಟಬಹುದು. ಪಾಜ್ ಒತ್ತಿದಾಗ ತಲೆಯಲ್ಲಿ ಇಂಗ್ಲಿಷ್ ಓಡಿಸಬೇಡಿ, ಕನ್ನಡ ಓಡಿಸಿ. ನನಗೆ ಇದು ಹೊಳೆದದ್ದು ಸುಮಾರು ಮೂರನೇ ತಿಂಗಳಲ್ಲಿ. ಮೊದಲೇ ಹೊಳೆದಿದ್ದರೆ ಎಷ್ಟೋ ಬೆಳಗು ಉಳಿಯುತ್ತಿತ್ತು.

ನನಗೆ ಕಾಫಿ ಇಷ್ಟ ಎನ್ನಲು ಸ್ಪ್ಯಾನಿಷ್‌ನಲ್ಲಿ 'ಮೆ ಗುಸ್ತಾ ಎಲ್ ಕಫೆ' ಅನ್ನುತ್ತಾರೆ. ಇಂಗ್ಲಿಷಿನವರಿಗೆ ಇದು ದೊಡ್ಡ ಗಂಟು, ಯಾಕೆಂದರೆ ಅವರ ಭಾಷೆಯಲ್ಲಿ 'ನಾನು' ಎಂದು ಶುರು ಮಾಡಬೇಕು. ನಮಗೆ? 'ನನಗೆ' ಎಂದೇ ತಾನೆ ನಾವು ಹೇಳುವುದು. ಆ 'ಮೆ' ಎನ್ನುವುದು ಇಲ್ಲಿ ನಮ್ಮ 'ನನಗೆ'. ತಲೆ ನೋವಿಗೂ ಹಾಗೇ: 'ಮೆ ದುಎಲೆ ಲಾ ಕಬೇಸಾ', ನನಗೆ ತಲೆ ನೋಯುತ್ತದೆ. 'ಗೆ' ಎಲ್ಲಿ ಬರುತ್ತದೋ ಅಲ್ಲಿ 'ಮೆ' ಇಟ್ಟು ನೋಡಿ, ಎಷ್ಟೋ ಸಲ ಸರಿಯಾಗುತ್ತದೆ.

ಇನ್ನೊಂದು, ಸೇರ್ ಮತ್ತು ಎಸ್ತಾರ್ ಎಂಬ ಎರಡು ಕ್ರಿಯಾಪದ. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದ, 'ಟು ಬಿ'. ಕನ್ನಡದಲ್ಲಿ ನೋಡಿ. 'ಅವರು ಪ್ಲಾಂಟರು' ಎನ್ನುವಾಗ 'ಇರು' ಎನ್ನುವುದು ಬರುವುದೇ ಇಲ್ಲ. 'ಅವರು ತೋಟದಲ್ಲಿ ಇದ್ದಾರೆ' ಎನ್ನುವಾಗ ಬರುತ್ತದೆ. ಮೊದಲನೆಯದಕ್ಕೆ ಸೇರ್, ಎರಡನೆಯದಕ್ಕೆ ಎಸ್ತಾರ್. 'ಹಣ್ಣು ಇನ್ನೂ ಹಸಿರಾಗಿ ಇದೆ', ಅದಕ್ಕೂ ಎಸ್ತಾರ್. ಇದು ಎಲ್ಲ ಕಡೆ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. 'ಅವನು ಎತ್ತರ ಇದ್ದಾನೆ' ಅಂತ ನಾವು ಅಂದರೂ ಅಲ್ಲಿ ಸೇರ್. 'ಮೀಟಿಂಗ್ ಎಲ್ಲಿದೆ' ಎನ್ನುವುದಕ್ಕೂ ಸೇರ್. ಆದರೂ ಮುಕ್ಕಾಲು ದಾರಿ ಕನ್ನಡವೇ ಕರೆದುಕೊಂಡು ಹೋಗುತ್ತದೆ.

ಉಚ್ಚಾರಣೆಯಂತೂ ನಮಗೇ ಹೇಳಿ ಮಾಡಿಸಿದ ಹಾಗಿದೆ. ಅವರ ತ, ದ ಎರಡೂ ನಮ್ಮ ತ, ದ. ಇಂಗ್ಲಿಷಿನ ಟ, ಡ ಅಲ್ಲ. ಕ, ಪ ಹೇಳುವಾಗ ಉಸಿರು ಊದುವುದಿಲ್ಲ. ಬರೆದ ಹಾಗೇ ಓದುವುದು ಜಾಸ್ತಿ. 'ಮಾಡುತ್ತೇನೆ' ಎಂದರೆ 'ನಾನು' ಹೇಳಬೇಕಿಲ್ಲ, ಅಲ್ಲಿಯೂ 'ಆಬ್ಲೊ' ಎಂದರೆ ಮಾತಾಡುವುದು ನಾನೇ ಅಂತ ಗೊತ್ತಾಗುತ್ತದೆ. ನೀನು, ನೀವು ಇದ್ದ ಹಾಗೆ ತೂ, ಉಸ್ತೆದ್ ಇದೆ. ಕೊಲಂಬಿಯಾದ ಕಾಫಿ ಸೀಮೆಯಲ್ಲಿ ಸ್ನೇಹಿತರನ್ನೂ ಮನೆಯವರನ್ನೂ ಉಸ್ತೆದ್ ಎಂದು ಕರೆಯುವುದು ಸಾಮಾನ್ಯ. ಅವರ ವಿಡಿಯೊ ನೋಡುವಾಗ ನನಗೆ ಅದು ಬಹಳ ಹಿಡಿಸಿತು. ನಮ್ಮ ಮನೆಯಲ್ಲೂ ಮಕ್ಕಳಿಗೆ 'ನೀವು' ಅನ್ನುವ ರೂಢಿ.

ಇಲ್ಲಿ ಒಂದು ಮಾತು, ಕೋರ್ಸಿನಿಂದ ಸ್ವಲ್ಪ ಆಚೆಯದು. ಹಳೆಗನ್ನಡದ ಪಾಲು ಹಾಲಾಯಿತು, ಪಾವು ಹಾವಾಯಿತು ಅಂತ ಹೈಸ್ಕೂಲಿನಲ್ಲಿ ಕಲಿತದ್ದು ನಿಮಗೂ ನೆನಪಿರಬೇಕು. ಸ್ಪ್ಯಾನಿಷ್‌ನಲ್ಲೂ ಲ್ಯಾಟಿನ್‌ನ ಎಷ್ಟೋ ಪದಗಳ ಮೊದಲಿನ 'ಫ' ಹೀಗೇ 'ಹ' ಆಯಿತು. ಆಮೇಲೆ ಆ 'ಹ' ಕೂಡ ಬಾಯಿಂದ ಬಿದ್ದುಹೋಗಿ ಬರವಣಿಗೆಯಲ್ಲಿ ಮಾತ್ರ ಉಳಿಯಿತು. ಫಂಗಸ್‌ಗೆ ಅಲ್ಲಿ ಒಂಗೊ. ಫೋಲಿಯೇಜ್ ಅಂತೀವಲ್ಲ, ಅದೇ ಬೇರಿನಿಂದ ಎಲೆಗೆ ಓಹಾ. ಇರುವೆಗೆ ಓರ್ಮೀಗಾ, ಫಾರ್ಮಿಕ್ ಆ್ಯಸಿಡ್ ನೆನಪಿಸಿಕೊಳ್ಳಿ. ಸೆನಿಕಫೆಯ ಎಲೆ ತುಕ್ಕಿನ ವಿಡಿಯೊಗಳಲ್ಲಿ ಒಂಗೊ, ಓಹಾ ಎರಡೂ ಪದೇ ಪದೇ ಬರುತ್ತವೆ. ಒಮ್ಮೆ ಹಾಲು, ಹಾವು ನೆನಪಾದ ಮೇಲೆ ಮರೆಯಲೇ ಇಲ್ಲ. ವನ ಎನ್ನುವುದು ಬನ ಆದ ಹಾಗೆ ಅವರು ವ, ಬ ಎರಡನ್ನೂ ಒಂದೇ ರೀತಿ ಹೇಳುತ್ತಾರೆ. ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಗೆ ಫೋನಿನಲ್ಲಿ 'ಪಗಾರ್' ಎಂದರೆ ಸ್ಪ್ಯಾನಿಷ್‌ನಲ್ಲಿ ದುಡ್ಡು ಕೊಡುವುದು ಎಂದೆ. 'ಅದು ನಮ್ಮ ಪಗಾರ ಅಲ್ಲೇನು' ಎಂದಳು. ಹೌದು, ಪೋರ್ಚುಗೀಸರಿಂದ ಬಂದ ಪದ, ಆ ಭಾಷೆ ಸ್ಪ್ಯಾನಿಷ್‌ಗೆ ಒಡಹುಟ್ಟಿದ ಹಾಗೆ. ಬಾಲ್ದಿಯೂ ಅಲ್ಲಿಂದಲೇ, ಸ್ಪ್ಯಾನಿಷ್‌ನಲ್ಲಿ ಬಾಲ್ದೆ.

ಕನ್ನಡ ಕೈಬಿಡುವ ಜಾಗಗಳೂ ಇವೆ. ನಮಗೆ ಮೇಜು, ಗಿಡ, ಮಳೆ ಎಲ್ಲ 'ಅದು'. ಅವರಿಗೆ ಪ್ರತಿಯೊಂದೂ ಗಂಡು ಇಲ್ಲವೇ ಹೆಣ್ಣು. ತೋಟಕ್ಕೆ ಲಾ ಫಿಂಕಾ, ಕಾಫಿಗೆ ಎಲ್ ಕಫೆ, ಇವು ಸುಲಭ. ಆದರೆ ಕೈಗೆ ಲಾ ಮಾನೊ, ಸಮಸ್ಯೆಗೆ ಎಲ್ ಪ್ರೊಬ್ಲೇಮಾ. ಪದವನ್ನು ಒಂಟಿಯಾಗಿ ಕಲಿಯದೆ ಎಲ್, ಲಾ ಸಮೇತ ಕಲಿಯುವುದೊಂದೇ ದಾರಿ. ಇನ್ನು ಪೆರೊ ಎಂದರೆ 'ಆದರೆ', ಪೆರ್ರೊ ಎಂದರೆ ನಾಯಿ. ಆ ಒತ್ತಿದ ರಕಾರ ನಾಲಿಗೆಯಲ್ಲಿ ಉರುಳಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಕೋರ್ಸಿನಲ್ಲಿ ಏನೇನು ಇಲ್ಲ ಎನ್ನುವುದೂ ಗೊತ್ತಿರಲಿ. ಓದು, ಬರಹ ಇಲ್ಲ. ಹಣ್ಣು, ತರಕಾರಿ, ಬಣ್ಣ ಅಂತ ಪದಗಳ ಪಟ್ಟಿ ಕೊಡುವುದಿಲ್ಲ. ಇದು ಭಾಷೆಯ ಕಟ್ಟನ್ನು ಕೊಡುತ್ತದೆ, ತುಂಬುವ ಕೆಲಸ ನಮ್ಮದು. 90 ಪಾಠ ಮುಗಿಸಿದ ಕೂಡಲೇ ಯಾರ ಜೊತೆಗಾದರೂ ಪಟಪಟ ಮಾತಾಡಬಹುದು ಎಂದು ಕಾಯಬೇಡಿ. ಬೇರೆ ಬೇರೆ ಜನರ ಗಂಟಲು ಬೇರೆ ಕಡೆ ಕೇಳಲೇಬೇಕು. ನಾನು ಮೂವತ್ತನೇ ಪಾಠದಿಂದ ಒಂದು ನೋಟ್‌ಬುಕ್ ಇಟ್ಟೆ, ಪಾಠ ಕೇಳುವಾಗ ಅಲ್ಲ, ರಾತ್ರಿ ವಿಡಿಯೊ ನೋಡುವಾಗ. ದಿನಕ್ಕೆ ಐದು ಪದ, ಕನ್ನಡ ಲಿಪಿಯಲ್ಲಿ ಒಮ್ಮೆ, ಅವರ ಲಿಪಿಯಲ್ಲಿ ಒಮ್ಮೆ. ನೆರಳಿಗೆ ಸೋಂಬ್ರಾ, ಕೊಯ್ಲಿಗೆ ಕೊಸೆಚಾ, ಕಾಫಿ ಹಣ್ಣು ಅಂದರೆ ಚೆರ್ರಿಗೆ ಸೆರೇಸಾ, ಒಳಸಿಪ್ಪೆ ಸಮೇತ ಇರುವ ಬೀಜ ಅಂದರೆ ಪಾರ್ಚ್‌ಮೆಂಟಿಗೆ ಪೆರ್ಗಮೀನೊ. ಮಿತಾಕಾ ಎಂಬ ಪದಕ್ಕೆ ಕನ್ನಡವೇ ಸಿಗಲಿಲ್ಲ. ಅಲ್ಲಿ ಹಲವು ಕಡೆ ದೊಡ್ಡ ಕೊಯ್ಲಾಗಿ ಅರ್ಧ ವರ್ಷಕ್ಕೆ ಇನ್ನೊಂದು ಸಣ್ಣ ಕೊಯ್ಲು ಬರುತ್ತದೆ, ಅದು ಮಿತಾಕಾ. ವರ್ಷಕ್ಕೊಂದೇ ಫಸಲು ನೋಡಿದ ನಮಗೆ ಆ ಪದ ಯಾಕೆ ಬೇಕಿತ್ತು ಹೇಳಿ?

ನನಗೆ ಮೊದಲ ಸುತ್ತು ಮುಗಿಸಲು ಏಳು ತಿಂಗಳು ಆಯಿತು. ಕೊಯ್ಲಿನ ಎರಡು ತಿಂಗಳಲ್ಲಿ ಹೊಸ ಪಾಠ ಮುಟ್ಟಲಿಲ್ಲ, ಹಳೆಯದನ್ನೇ ಮತ್ತೆ ಕೇಳಿದೆ. ಅದರಿಂದ ನಷ್ಟವೇನೂ ಆಗಲಿಲ್ಲ. 'ನೀವು ಬರಬೇಕು ಅಂತ ನನ್ನ ಆಸೆ' ಎಂಬಂಥ ಮಾತುಗಳಿಗೆ ಅವರಲ್ಲಿ ಕ್ರಿಯಾಪದದ ರೂಪವೇ ಬದಲಾಗುತ್ತದೆ. ಆ ಭಾಗ ಕೊನೆಯ ಪಾಠಗಳ ಕಡೆ ಬರುತ್ತದೆ, ಅಲ್ಲಿ ಒಂದೊಂದು ಪಾಠವನ್ನೂ ಮೂರು ಸಲ ಕೇಳಿದ್ದೇನೆ.

ವಾರಕ್ಕೆ ಮೂರು ದಿನ ಮಾತ್ರ ಬಿಡುವಿರುವವರಿಗೆ ಈ ಕೋರ್ಸು ಸರಿಹೋಗುತ್ತದೆ ಎಂದು ಹೇಳಲಾರೆ. ಎಳೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ, ನಡುವೆ ನಾಲ್ಕು ದಿನ ಬಿಟ್ಟರೆ ತುಂಡಾಗುತ್ತದೆ. ದಿನಾ ಇಪ್ಪತ್ತು ನಿಮಿಷ ಕೊಡಬಲ್ಲವರು, ಒಬ್ಬರೇ ನಡೆಯುವವರು, ಅಡುಗೆ ಮಾಡುತ್ತಾ ಗಟ್ಟಿಯಾಗಿ ಮಾತಾಡಲು ನಾಚದವರು ಇವತ್ತೇ ಮೊದಲ ಪಾಠ ಹಾಕಿ.

ಕಾಯಿಕೊರಕಕ್ಕೆ ಸೆನಿಕಫೆಯವರು 'ರೆ-ರೆ' ಅಂತ ಒಂದು ಕ್ರಮ ಹೇಳುತ್ತಾರೆ. ಕೊಯ್ದು, ಮತ್ತೊಮ್ಮೆ ಹೋಗಿ ಗಿಡದಲ್ಲಿ ಉಳಿದ ಹಣ್ಣನ್ನೆಲ್ಲ ತೆಗೆಯುವುದು. ನಾವು ಉದುರು ಹಣ್ಣು ಆಯಿಸುತ್ತೇವಲ್ಲ, ಅದಕ್ಕೆ ಹತ್ತಿರದ್ದು. ಹೋದ ವಾರ ಅದರ ಬಗ್ಗೆ ಒಂದು ವಿಡಿಯೊ ನೋಡುತ್ತಿದ್ದೆ, ಅನುವಾದ ಆಫ್ ಮಾಡಿ. ಕಡಿದಾದ ಗುಡ್ಡದಲ್ಲಿ ವಯಸ್ಸಾದ ಒಬ್ಬ ಬೆಳೆಗಾರರು ಬಗ್ಗಿ ಹಣ್ಣು ಆರಿಸುತ್ತಿದ್ದರು. ನೆಟ್ಟಗಾಗಿ ಸೊಂಟಕ್ಕೆ ಕೈಕೊಟ್ಟು 'ಮೆ ದುಎಲೆ ಲಾ ಎಸ್ಪಾಲ್ದಾ' ಎಂದರು. ನನಗೆ ಬೆನ್ನು ನೋಯುತ್ತದೆ. ನಡುವೆ ಇಂಗ್ಲಿಷ್ ಬರಲೇ ಇಲ್ಲ, ಕನ್ನಡದಲ್ಲೇ ಬಂದು ಕಿವಿಗೆ ಬಿತ್ತು. ಒಲೆಯ ಮುಂದೆ ನಿಂತಿದ್ದ ನಾನು ಗಟ್ಟಿಯಾಗಿ 'ಅ ಮಿ ತಾಂಬಿಯೆನ್' ಎಂದೆ. ನನಗೂ.