ಬಿಲ್ಲಿಂಗ್ ಸಾಫ್ಟ್‌ವೇರ್: ಮಾರೋದಾ, ಚಂದಾಕ್ಕೆ ಕೊಡೋದಾ, ಬಿಲ್ಲಿಗಿಷ್ಟು ಅನ್ನೋದಾ?

ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಸಾಫ್ಟ್‌ವೇರ್ ಕಂಪನಿ. ಮೆಡಿಕಲ್ ಶಾಪ್, ಬಟ್ಟೆ ಅಂಗಡಿ, ಎಪಿಎಂಸಿಯ ದಲಾಲಿ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ದುಡ್ಡು ತೆಗೆದುಕೊಳ್ಳುವ ಮೂರು ಬಗೆಯನ್ನೂ ಮಾಡಿ ನೋಡಿದ್ದೇವೆ. ಕ್ಲೌಡ್‌ಗೆ, ಅಂದರೆ ಅಂಗಡಿಯ ಕಂಪ್ಯೂಟರ್ ಬಿಟ್ಟು ನೆಟ್ ಮೂಲಕ ಸರ್ವರ್‌ನಲ್ಲಿ ನಡೆಯುವ ಸಾಫ್ಟ್‌ವೇರ್‌ಗೆ, ಹೋಗುವುದು ಅಷ್ಟು ಕಷ್ಟವಲ್ಲ. ದುಡ್ಡು ಯಾವಾಗ, ಹೇಗೆ ಕೇಳಬೇಕು ಅನ್ನುವುದೇ ಕಷ್ಟ.

ಲೈಸೆನ್ಸ್ ಅಂತ ಒಂದೇ ಸಲ ಮಾರಿದರೆ ಕೈಗೆ ದುಡ್ಡು ಬೇಗ ಬರುತ್ತದೆ. ಸಂಬಳ ಕೊಡಬೇಕಾದ ಚಿಕ್ಕ ಕಂಪನಿಗೆ ಇದು ಸಣ್ಣ ಮಾತಲ್ಲ. ಗಿರಾಕಿಗೂ ಖುಷಿ, ಸಾಫ್ಟ್‌ವೇರ್ ಅವರದೇ ಆಯ್ತಲ್ವಾ? ಆದರೆ ಮುಂದಿನ ವರ್ಷ ಎಎಂಸಿ, ಅಂದರೆ ವರ್ಷದ ನಿರ್ವಹಣೆ ಶುಲ್ಕ, ಕೇಳಿದರೆ, "ಏನೂ ಕೆಟ್ಟಿಲ್ವಲ್ಲಪ್ಪ, ಯಾಕೆ ಕೊಡ್ಲಿ?" ಅನ್ನುತ್ತಾರೆ. ಅವರ ಮಾತಲ್ಲೂ ನ್ಯಾಯವಿದೆ. ಆದರೆ ಸಾಫ್ಟ್‌ವೇರ್ ಕೆಡದಿದ್ದರೂ ತೆರಿಗೆ ನಿಯಮ ಬದಲಾಗುತ್ತಲೇ ಇರುತ್ತದೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂತು. 2020ರಲ್ಲಿ 500 ಕೋಟಿ ದಾಟಿದ ವಹಿವಾಟಿನವರಿಗೆ ಶುರುವಾದ ಇ-ಇನ್‌ವಾಯ್ಸ್ (ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ನಿಯಮ), 2023ರ ಆಗಸ್ಟ್ ಹೊತ್ತಿಗೆ 5 ಕೋಟಿ ದಾಟಿದವರ ತನಕ ಇಳಿಯಿತು.

ಮಾರುವುದಕ್ಕೂ ಚಂದಾಕ್ಕೂ ಇರುವ ವ್ಯತ್ಯಾಸ ಚೆನ್ನಾಗಿ ಕಂಡದ್ದು 2025ರ ಸೆಪ್ಟೆಂಬರ್ 22ರಂದು. ಹೆಚ್ಚಿನ ಔಷಧಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಚಂದಾ ಕಟ್ಟಿ ಕ್ಲೌಡ್‌ನಲ್ಲಿದ್ದ ಮೆಡಿಕಲ್ ಶಾಪ್‌ಗಳಿಗೆ ಹಿಂದಿನ ರಾತ್ರಿಯೇ ಒಂದೇ ಕಡೆ ದರ ಬದಲಿಸಿದೆವು. ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಎಲ್ಲ ಸರಿಯಿತ್ತು. ಹಳೇ ಲೈಸೆನ್ಸ್‌ನವರ ಕಂಪ್ಯೂಟರ್‌ಗಳನ್ನು ಮಾತ್ರ ಒಂದೊಂದಾಗಿ ಹಿಡಿಯಬೇಕಾಯಿತು. ಜಗಳೂರು, ಚನ್ನಗಿರಿ ಕಡೆಗೆ ಹುಡುಗರು ಬೈಕಿನಲ್ಲಿ ಓಡಿದರು. ಆ ಕೆಲಸಕ್ಕೆ ದುಡ್ಡು ಕೇಳುವುದೂ ಕಷ್ಟ, ಬಿಡುವುದೂ ಕಷ್ಟ.

ಬಿಲ್ಲಿಗಿಷ್ಟು ಅನ್ನುವುದು ಕೇಳಲು ನ್ಯಾಯವಾಗಿದೆ. ಮಂಡಿಯಲ್ಲಿ ನಡೆಯಲಿಲ್ಲ. ಮೆಕ್ಕೆಜೋಳದ ಆವಕ ಜಾಸ್ತಿ ಇದ್ದಾಗ ಗುಮಾಸ್ತರು ದುಡ್ಡು ಉಳಿಸಲು ಪಟ್ಟಿಯನ್ನು ಕೈಯಲ್ಲೇ ಬರೆದರು. ಬೇಸಿಗೆಯಲ್ಲಿ ನಮಗೆ ಆದಾಯವೇ ಇಲ್ಲ, ಸರ್ವರ್ ಬಾಡಿಗೆ ಮಾತ್ರ ತಪ್ಪಲಿಲ್ಲ.

ಉಳಿದದ್ದು ಚಂದಾ. ಚಂದಾ ಅಂದರೆ ಎಲ್ಲರೂ ತಿಂಗಳ ಲೆಕ್ಕವನ್ನೇ ಹಿಡಿಯುತ್ತಾರೆ. ಮೆಡಿಕಲ್ ಶಾಪ್‌ಗೆ ಅದು ಸರಿ, ಅವರಿಗೆ ದಿನವೂ ವ್ಯಾಪಾರ. ಯುಪಿಐ ಆಟೋಪೇ ಹಾಕಿಕೊಟ್ಟರೆ ಮತ್ತೆ ಕೇಳುವ ಕೆಲಸವಿಲ್ಲ. ಮಂಡಿಯವರಿಗೆ ಹಾಗಲ್ಲ. ಅವರ ಕೈಯಲ್ಲಿ ದುಡ್ಡು ಓಡಾಡುವುದು ಸುಗ್ಗಿಯಲ್ಲಿ. "ಖಾತೆಯಿಂದ ತಾನಾಗೇ ದುಡ್ಡು ಹೋಗೋದು ಬೇಡ ತಮ್ಮಾ" ಅಂತ ಸಾಹುಕಾರರೊಬ್ಬರು ನೇರವಾಗೇ ಹೇಳಿದರು. ಅವರಿಗೆ ವರ್ಷದ ಚಂದಾ ಇಟ್ಟೆವು. ಕಟ್ಟುವ ಕಾಲ ದೀಪಾವಳಿ. ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವ ದಿನಗಳಲ್ಲಿ ಸಾಫ್ಟ್‌ವೇರ್ ದುಡ್ಡನ್ನೂ ಸಂತೋಷವಾಗಿ ಕೊಡುತ್ತಾರೆ. ಲೈಸೆನ್ಸ್ ಬೆಲೆಯ ಸುಮಾರು ಮೂರನೇ ಒಂದು ಪಾಲು ವರ್ಷಕ್ಕೆ. ಮೊದಲ ವರ್ಷ ನಮಗೆ ಬಿಗಿಯಾಗುತ್ತದೆ ನಿಜ. ಅದಕ್ಕೇ ಎಲ್ಲ ಗಿರಾಕಿಗಳನ್ನೂ ಒಟ್ಟಿಗೆ ಬದಲಿಸಬೇಡಿ. ಲೈಸೆನ್ಸ್ ಮಾರಾಟದ ದುಡ್ಡು ಬರುತ್ತಿರುವಾಗಲೇ ಹೊಸಬರನ್ನು ಚಂದಾಕ್ಕೆ ಸೇರಿಸಿ.

ನನ್ನ ಆಯ್ಕೆ ಚಂದಾ, ಎರಡು ಷರತ್ತಿನ ಮೇಲೆ. ನೆಟ್ ಹೋದರೂ ಬಿಲ್ ಪ್ರಿಂಟ್ ಆಗಬೇಕು. ಅಂಗಡಿಯ ಕಂಪ್ಯೂಟರ್‌ನಲ್ಲೂ ಒಂದು ಪ್ರತಿ ಇರಲಿ, ನೆಟ್ ಬಂದ ಮೇಲೆ ಕ್ಲೌಡ್‌ಗೆ ಸೇರಲಿ. ಅಂಗಡಿಯವರ ಮುಂದೆ ಹತ್ತು ಜನ ನಿಂತಿರುವಾಗ "ಸರ್ವರ್ ಡೌನ್" ಅನ್ನುವ ಸಾಫ್ಟ್‌ವೇರ್ ಯಾರಿಗೂ ಬೇಡ.

ಇನ್ನೊಂದು, ಚಂದಾ ನಿಲ್ಲಿಸಿದವರ ಹಳೇ ಲೆಕ್ಕ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೇ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಹಾಗಾಗಿ ದುಡ್ಡು ನಿಂತರೆ ಹೊಸ ಬಿಲ್ ಮಾತ್ರ ನಿಲ್ಲುತ್ತದೆ. ಹಳೆಯದನ್ನೆಲ್ಲ ನೋಡಬಹುದು, ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದು. ಇದನ್ನು ಬಾಯಿಮಾತಲ್ಲಿ ಬಿಡದೆ ಕರಾರಿನಲ್ಲೇ ಬರೆದುಕೊಡುತ್ತೇವೆ.